ಮಾಳಿಗೆಯ ಹಳೇ ಮಣ್ಣು

ಈಚೆಗೆ ಆಡಿಟರುಗಳ ಸಂಘವೊಂದರವರು ಮನೆಗೆ ಬಂದು ಸಭೆಗೆ ಕರೆದರು. ಲೆಕ್ಕ ನೋಡುವವರು, ಅಪಾಯ ಗುರುತಿಸುವವರು ಎಲ್ಲ ಒಂದೆಡೆ ಸೇರುವ ಇಂಥ ಸಂಘಗಳ ಭವಿಷ್ಯವೇನು ಎಂದು ನಾನು ಹೇಳಬೇಕಂತೆ. ಭವಿಷ್ಯ ನನಗೇನು ಗೊತ್ತು! ನಾವು ಮೂವರು ಆಡಿಟರುಗಳು ಬಾಯಿಗೆ ಬೀಗ ಹಾಕಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು ಎಂಬುದಷ್ಟೇ ನನಗೆ ಗೊತ್ತು.

ಐವತ್ತರ ದಶಕದ ಮಾತು. ಆಗ ನಾನೊಂದು ವಿಶ್ವವಿದ್ಯಾಲಯದ ಆಡಿಟರ್. ಹಳ್ಳಿಯ ಹುಡುಗರು ಕಾಲೇಜಿನವರೆಗೆ ಬರಲಿ ಎಂದು ವಿಶ್ವವಿದ್ಯಾಲಯವು ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಅವರು ಉಂಡು ಮಲಗುವ ಬೋರ್ಡಿಂಗುಗಳಿಗೆ ನೆರವು ಕೊಡುತ್ತಿತ್ತು. ಅದು ಸರಿಯಾಗಿ ಖರ್ಚಾಯಿತೇ ಎಂದು ನೋಡುವವರು ನಾವು ಮೂವರು. ವರ್ಷಕ್ಕೊಮ್ಮೆ ನಮ್ಮ ಊರುಗಳು ಅದಲುಬದಲು. ಜೊತೆಗೊಂದು ಕಟ್ಟಪ್ಪಣೆ: ತಪಾಸಣೆಯ ವಿಷಯವನ್ನು ನಮ್ಮನಮ್ಮೊಳಗೆ ಮಾತಾಡಕೂಡದು. ಮಾತಾಡಿದರೆ ಮೂವರೂ ಒಳಗೊಳಗೇ ಒಂದಾಗಿಬಿಡುತ್ತಾರೆ ಎಂದು ನಮ್ಮ ಮುಖ್ಯಸ್ಥರ ಗುಮಾನಿ. ರೋಣದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ನಾವು ಬಿಸಿಲಿನ ಬಗ್ಗೆ, ಖಾನಾವಳಿಯ ಝುಣಕದ ಬಗ್ಗೆ ಮಾತಾಡುತ್ತಿದ್ದೆವು. ಸುಮ್ಮನೆ ಕೂಡಲಾರದ ನನಗೆ ನಾಲಿಗೆ ತುರಿಸುತ್ತಿತ್ತು.

ಒಂದು ವರ್ಷ ಗಜೇಂದ್ರಗಡ ನನ್ನ ಪಾಲಿಗೆ ಬಂತು. ಸಾಲಿ ಶುರುವಾಗಿ ಹುಡುಗರು ಬೋರ್ಡಿಂಗಿಗೆ ಮರಳಿದ್ದರು. ಮಳೆ ಇನ್ನೂ ಹಿಡಿದಿರಲಿಲ್ಲ. ಹುಡುಗರು ಮಲಗುವ ದೊಡ್ಡ ಪಡಸಾಲೆಯಲ್ಲೇ ಕೂತು ಕಾಗದ ನೋಡುತ್ತಿದ್ದೆ. ಮೇಲಿನಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು, ನಾನು ಊದುತ್ತ ಸಹಿ ಮಾಡುತ್ತಿದ್ದೆ. ತೊಲೆ, ಜಂತೆಯ ಮೇಲೆ ಮಣ್ಣು ಹರವಿದ ಚಪ್ಪಟೆ ಮಾಳಿಗೆಯೇ ಸೂರಾದ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಮುಂಗಾರಿಗಿಂತ ಮೊದ್ಲ ಮಾಳಿಗಿಗೆ ಹೊಸಾ ಸವಳ ಮಣ್ಣ ಹಾಕಸ್ತೀನ್ರಿ, ಅದರಾಗ ನೀರ ಇಳಿಯಂಗಿಲ್ಲ. ಒಂದ ವರ್ಷಾನೂ ತಪ್ಪಿಸಿಲ್ಲ," ಎಂದರು ಬೋರ್ಡಿಂಗಿನ ವ್ಯವಸ್ಥಾಪಕರು. ರಶೀದಿಗಳೂ ಹಾಗೇ ಹೇಳುತ್ತಿದ್ದವು. ನಾನು ಮೆಚ್ಚಿ ತಲೆದೂಗಿ ಬಂದೆ.

ಮರುದಿನ ಮಧ್ಯಾಹ್ನ ರೋಣದ ಖಾನಾವಳಿಯಲ್ಲಿ ಉಳಿದಿಬ್ಬರೂ ಸಿಕ್ಕರು. ಒಬ್ಬರು ನಿವೃತ್ತಿಗೆ ಬಂದ ಹಿರಿಯರು, ಮಹಾ ಹೆದರುಪುಕ್ಕಲರು. ಇನ್ನೊಬ್ಬ ನನ್ನ ಓರಗೆಯವನು. ಗಾಳಿ ನಿಂತು ಸೆಕೆ ಹೆಚ್ಚಿತ್ತು, ಗಜೇಂದ್ರಗಡದ ದಿಕ್ಕಿಗೆ ಮೋಡ ಕಟ್ಟುತ್ತಿತ್ತು. ಅಪ್ಪಣೆ ಮರೆತು ನಾನು ಬಾಯಿಬಿಟ್ಟೆ.

"ಮಾಳಿಗಿ ಕಾಳಜಿ ಮಾಡೋದ್ರಾಗ ಗಜೇಂದ್ರಗಡದವರದು ಭಾಳ ಚಲೋ ಪದ್ಧತಿ ಬಿಡ್ರಿ. ಈ ವರ್ಷಾನೂ ಹೊಸಾ ಮಣ್ಣ ಹಾಕ್ಯಾರ."

ಹಿರಿಯರು ರೊಟ್ಟಿ ಮುರಿಯುತ್ತ ಅಂದರು, "ಹೋದ ವರ್ಷ ನಾ ಹೋದಾಗೂ ಹಾಕಿದ್ರು."

"ಅದರ ಹಿಂದಿನ ವರ್ಷ ನಾ ಇದ್ದೆ. ಆಗೂ ಹಾಕಿದ್ರು," ಎಂದ ನನ್ನ ಓರಗೆಯವನು.

ಮೂವರ ಕೈಯೂ ತಾಟಿನಲ್ಲೇ ನಿಂತಿತು. ಕೊನೆಗೆ ಹಿರಿಯರೇ ಕೇಳಿದರು, "ಹಂಗಾದ್ರ ಹಳೇ ಮಣ್ಣ ಯಾವಾಗ ತಗದ್ರು?"

ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಮಣ್ಣು ಹಾಕುತ್ತಲೇ ಹೋದರೆ ಭಾರ ಏರುತ್ತದೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ಇಳಿಸಬೇಕು. ಇಲ್ಲದಿದ್ದರೆ ತೊಲೆ ಬಾಗುತ್ತದೆ, ಒಂದು ದೊಡ್ಡ ಮಳೆಗೆ ಒದ್ದೆಯಾಗಿ ಎಲ್ಲವೂ ಕೆಳಗೆ ಬರುತ್ತದೆ. ನಮ್ಮ ನಮ್ಮ ಮನೆಗಳಲ್ಲಿ ಇದನ್ನು ಮರೆಯದ ನಾವು ಮೂವರೂ, ಇಳಿಸುವ ಕೆಲಸ ಇನ್ನೊಬ್ಬರ ವರ್ಷದಲ್ಲಿ ಆಗಿರಬೇಕು ಎಂದುಕೊಂಡಿದ್ದೆವು. ನನ್ನ ಕಾಗದದ ಮೇಲೆ ಉದುರಿದ ಮಣ್ಣು ಕಣ್ಣಿಗೆ ಕಟ್ಟಿತು.

"ಕಚೇರಿಗೆ ಬರದು ತಿಳಸೋಣು," ಎಂದರು ಹಿರಿಯರು. "ಆದ್ರ ನಾವು ಮಾತಾಡಿದ್ದು ಗೊತ್ತಾದ್ರ ನೌಕರಿ ಹೋಗತೈತಿ."

"ಪತ್ರ ಮುಟ್ಟೂತನಕಾ ಮಳಿ ಕಾಯ್ತೈತೇನ್ರಿ?" ಎಂದು ನಾನು ರೇಗಿ ಎದ್ದೆ.

ಬಸ್ಸು ಹೋಗಿಯಾಗಿತ್ತು. ಶೇಂಗಾ ವ್ಯಾಪಾರಿಯೊಬ್ಬರ ಖಾಲಿ ಲಾರಿ ಗಜೇಂದ್ರಗಡಕ್ಕೆ ಹೊರಟಿತ್ತು. ಹತ್ತಿದೆ. ದಾರಿಯ ಅಬ್ಬಿಗೇರಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದವನು ಯಾರದೋ ಎತ್ತಿನ ಬೆಲೆ ಚರ್ಚೆಗೆ ಕೂತುಬಿಟ್ಟ. ನಾನು ಲಾರಿಯ ಸುತ್ತ ತಿರುಗುತ್ತ ಅವನನ್ನೂ ಮೋಡವನ್ನೂ ಬೈದೆ.

ಮುಟ್ಟಿದಾಗ ಸಂಜೆ. ಹುಡುಗರೆಲ್ಲ ಚಾಪೆ, ಟ್ರಂಕು ಎತ್ತಿಕೊಂಡು ಎದುರಿನ ಹೆಂಚಿನ ಸಾಲಿಯ ಪಡಸಾಲೆಗೆ ನಡೆಯಬೇಕೆಂದೆ. ಹಳೇ ಮಣ್ಣು ಯಾವಾಗ ಇಳಿಸಿದಿರಿ ಎಂದು ಕೇಳಿದ್ದೇ ವ್ಯವಸ್ಥಾಪಕರು ಕೆಂಡವಾದರು.

"ಹಳೇ ಮಣ್ಣ ಇಳಿಸಿದ್ದಕ್ಕ ಏನ ತೋರಿಸ್ಲಿ ನಾ? ಹಾಕಿದ ಮಣ್ಣ ಮ್ಯಾಲ ಐತಿ, ಏರಿ ನೋಡ್ರಿ ಅಂತೀನಿ. ಇಳಿಸಿದ್ದನ್ನ ಎಲ್ಲಿಂದ ತಂದು ತೋರಿಸ್ಲಿ? ಹಿಂದ ನಿಮ್ಮವರ ಒಬ್ರು, ಕಣ್ಣಿಗೆ ಕಾಣದ ಕೆಲಸಕ್ಕ ನೆರವು ಇಲ್ಲ ಅಂದ್ರು. ಅವತ್ತಿಂದ ಇಳಿಸೋದ ಬಿಟ್ಟೆ."

ಹುಡುಗರನ್ನು ಮಾತ್ರ ಹೊರಡಿಸಿಯೇ ಬಿಟ್ಟೆ.

ಮಳೆ ಧೋ ಎಂದು ಸುರಿಯಿತು. ಎದುರಿನ ಪಡಸಾಲೆಯಲ್ಲಿ ನಿಂತು ಆ ಮಾಳಿಗೆಯನ್ನೇ ನೋಡಿದೆ. ಬೀಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಿದ್ದರೆ ನನ್ನ ಮಾತು ನಿಜವಾಗುತ್ತದಲ್ಲ ಎಂಬ ಆಸೆಯೂ ಒಳಗಿತ್ತು. ಅದು ಬೀಳಲಿಲ್ಲ. ಊಟದ ಹೊತ್ತಿಗೆ ಮಳೆ ನಿಂತಿತು. ಹುಡುಗರು ನನ್ನನ್ನು ನೋಡಿ ಕಿಸಕ್ಕೆಂದರು.

ಬೆಳಿಗ್ಗೆ ಹಟ ಹಿಡಿದು ಆಳುಗಳನ್ನು ಮಾಳಿಗೆಯ ಅಂಚಿಗೆ ಏರಿಸಿದೆ. ಸಲಿಕೆ ಇಳಿದಷ್ಟೂ ಮಣ್ಣೇ. ಮೊಣಕಾಲುಮಟ್ಟ ತೆಗೆದ ಮೇಲೆ ಜಂತೆ ಕಂಡಿತು, ಅದರ ಕೆಳಗೆ ನಡುವಿನ ತೊಲೆಯ ತುದಿ. ಕೆಳಗಿನಿಂದ ಕಾಣದಂತೆ ಮೇಲ್ಮಗ್ಗುಲು ಉದ್ದಕ್ಕೂ ಸೀಳಿತ್ತು. ಆ ಸೀಳಿನೊಳಗೆ, ನಮ್ಮ ಹಿಂದೆ ಮೇಲೇರಿ ಬಂದ ವ್ಯವಸ್ಥಾಪಕರ ಅಂಗೈ ಪೂರ್ತಿ ಹೋಯಿತು. ಅವರು ಕೈಯನ್ನು ಹೊರಗೆ ತೆಗೆದು, ಎದುರು ಹಲ್ಲುಜ್ಜುತ್ತ ನಿಂತ ಹುಡುಗರನ್ನು ನೋಡಿ, ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು.

ಸುದ್ದಿ ಕಚೇರಿಗೆ ಮುಟ್ಟಿತು. ಹುಡುಗರು ಉಳಿದ ಬಗ್ಗೆ ಮುಖ್ಯಸ್ಥರು ಒಂದು ಮಾತೂ ಬರೆಯಲಿಲ್ಲ. ಮೂರು ವರ್ಷದ ಸಂಗತಿ ಒಬ್ಬನಿಗೆ ಹೇಗೆ ತಿಳಿಯಿತು, ಮಾತು ತೆಗೆದವರು ಯಾರು ಎಂದು ಮೂವರಿಗೂ ಬೇರೆ ಬೇರೆ ಕೇಳಿ ಬರೆದರು. ಮಾತು ತೆಗೆದದ್ದು ನಾನೇ, ಹಾಗೇ ಬರೆದೆ. ಮನೆಗೆ ಹೋಗಬೇಕಾದೀತು ಎಂಬ ಭಯ ದಿನವೆಲ್ಲ ಬೆನ್ನಿಗಿತ್ತು.

ಮುಖ್ಯಸ್ಥರು ಮೂವರನ್ನೂ ಕರೆಸಿ ಮೂರು ಉತ್ತರಗಳನ್ನು ಮೇಜಿನ ಮೇಲಿಟ್ಟರು. ಮೂರರಲ್ಲೂ ಇದ್ದದ್ದು ಒಂದೇ ಮಾತು: ಮಾತು ತೆಗೆದವನು ನಾನು. ಆ ಹೆದರುಪುಕ್ಕಲ ಹಿರಿಯರೂ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡಿದ್ದರು.

"ಇದನ್ನೂ ಮೂವರೂ ಮಾತಾಡಿಕೊಂಡ ಬರದೀರೇನು?" ಎಂದು ಮುಖ್ಯಸ್ಥರು ಗುಡುಗಿದರು.

"ಇಲ್ರಿ," ಎಂದರು ಹಿರಿಯರು. "ಇದೊಂದ ಖರೇನ ಮಾತಾಡಿಲ್ರಿ."

ಮುಖ್ಯಸ್ಥರು ಮೂರು ಉತ್ತರಗಳನ್ನೂ ಒಂದರ ಮೇಲೊಂದು ಜೋಡಿಸಿದರು. ಆಮೇಲೆ, ಪ್ರತಿ ವರ್ಷ ಮುಂಗಾರಿಗೆ ಮೊದಲು ಅದೇ ಕೋಣೆಯಲ್ಲಿ ಕೂತು ಮಾತಾಡಿಕೊಳ್ಳಿ ಎಂದರು. ಕಚೇರಿಗೆಂದು ಬಾಡಿಗೆಗೆ ಹಿಡಿದ ಹಳೆಯ ವಾಡೆಯ ಕೋಣೆ ಅದು. ಹಿರಿಯರು ಏಳಲಿಲ್ಲ.

"ಹಂಗಾದ್ರ ಈಗ ಒಂದ ಕೇಳ್ತೀನ್ರಿ," ಎಂದರು. "ಈ ಮಾಳಿಗಿ ಹಳೇ ಮಣ್ಣ ಯಾವಾಗ ತಗದಾರ?"

ನಾಲ್ವರೂ ಮೇಲೆ ನೋಡಿದೆವು.