ಮಿಲ್ಲಿಯ ಎಪ್ಪತ್ತೊಂದು ದಿನ

ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಒಂದು ದೊಡ್ಡ ಕಂಪನಿಯ ಆಡಳಿತ ಮಂಡಳಿಯ ಸಭೆಯನ್ನು ಕಣ್ಣಾರೆ ಕಂಡೆ ಎಂದೇ ನಾನು ನಂಬಿದ್ದೆ. ಮಿಲ್ಲಿ ಹ್ರೂಸ್ಕಾಳ ಹೋಟೆಲಿನಲ್ಲಿ ಕಿಟಕಿ ಪಕ್ಕದ ದುಂಡು ಮೇಜಿನ ಸುತ್ತ ನಾಲ್ಕು ಜನ ಕೂತಿದ್ದರು. ಅವರಲ್ಲಿ ದಪ್ಪ ಹುಬ್ಬಿನವನೊಬ್ಬ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, "ಮೂವತ್ಮೂರಾಯ್ತು ಅವನಿಗೆ. ಭುಜ ಹೋಗಿದೆ. ಮನೆಗೆ ಕಳಿಸೋದೇ ಸರಿ," ಎಂದ. ಎದುರಿಗಿದ್ದ ತೆಳ್ಳಗಿನವನು, "ಕಳಿಸಿ, ಆ ದುಡ್ಡಲ್ಲಿ ಇಬ್ಬರು ಎಳೆಯರನ್ನ ತಗೊಳ್ಳೋಣ. ಮೇಲೆ ಇನ್ನೂ ಒಂದು ಕೋಟಿ ಡಾಲರ್ ಉಳಿಯತ್ತೆ," ಎಂದ. ಉಳಿದಿಬ್ಬರು ಗಂಭೀರವಾಗಿ ತಲೆಯಾಡಿಸಿದರು.

ನಾನು ಆಗಷ್ಟೇ ವಿಮೆ ಮಾರಲು ಶುರುಮಾಡಿದ್ದೆ. ಭುಜ ಹೋದ ಆ ಕಾರ್ಮಿಕನ ಬಗ್ಗೆ ಅಯ್ಯೋ ಅನಿಸಿತು. ಒಂದು ಕೋಟಿಯ ಬಗ್ಗೆ ಬೇರೇನೋ ಅನಿಸಿತು. ಟೈ ಸರಿಮಾಡಿಕೊಂಡು ಹೋಗಿ ದಪ್ಪ ಹುಬ್ಬಿನವನ ಮುಂದೆ ನನ್ನ ಕಾರ್ಡು ಇಟ್ಟು, "ಚೇರ್ಮನ್ ಸಾಹೇಬರೇ, ನಿಮ್ಮ ಕೆಲಸಗಾರರಿಗೆಲ್ಲ ಒಟ್ಟಿಗೆ ಒಂದು ವಿಮೆ ಮಾಡಿಸಿದರೆ ಹೇಗೆ?" ಎಂದೆ. ಆತ ಕಾರ್ಡನ್ನು ಎರಡು ಸಲ ಓದಿ, "ಯೋಚನೆ ಮಾಡ್ತೀವಿ," ಎಂದು ಅದನ್ನು ನಾಲ್ಕಾಗಿ ಮಡಿಸಿ ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತೂರಿಸಿದ.

ಮಿಲ್ಲಿ ನನ್ನನ್ನು ಕೌಂಟರಿನ ಹತ್ತಿರ ಕರೆದಳು.

"ಚಿನ್ನಾ, ಅವನು ಓರ್ವಿಲ್ ಸ್ಟಾಮ್. ಮೊನ್ನೆಮೊನ್ನೆವರೆಗೆ ಒಂಬತ್ತನೇ ನಂಬರ್ ಬಸ್ ಓಡಿಸ್ತಿದ್ದ. ಆ ಸಣಕಲ ಚೆಟ್ ಬೊಗ್ದಾನ್, ನಲ್ಲಿ ರಿಪೇರಿ ಮಾಡ್ತಾನೆ. ಅವರು ಮನೆಗೆ ಕಳಿಸ್ತಿರೋದು ಹೆರನ್ಸ್ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯೋ ಪಿಚರ್‌ನ. ಪಾಪ, ಇವರಿಬ್ಬರೂ ಭೂಮಿ ಮೇಲಿದ್ದಾರೆ ಅಂತಾನೂ ಅವನಿಗೆ ಗೊತ್ತಿಲ್ಲ."

ಅದಾಗಿ ಹದಿನೆಂಟು ವರ್ಷವಾಯಿತು. ಈಗ ಆ ದುಂಡು ಮೇಜಿನಲ್ಲಿ ನನಗೂ ಒಂದು ಕುರ್ಚಿ ಇದೆ. ಹೊರಗಿನವರಿಗೆ ಬೇಸ್‌ಬಾಲ್ ಎಂದರೆ ಬೇಸಿಗೆಯ ಆಟ. ನಮಗೆ ನಿಜವಾದ ಆಟ ಶುರುವಾಗುವುದು ಅಕ್ಟೋಬರಿನಲ್ಲಿ ಮೈದಾನಕ್ಕೆ ಬೀಗ ಬಿದ್ದ ಮೇಲೆ. ಯಾರನ್ನು ತಂಡಕ್ಕೆ ತರಬೇಕು, ಯಾರನ್ನು ಬಿಡಬೇಕು, ಸಂಬಳದ ಪಟ್ಟಿ ಎಲ್ಲಿಗೆ ನಿಲ್ಲಬೇಕು ಎಂದು ಏಪ್ರಿಲ್‌ವರೆಗೂ ಮಾತು. ಹೆರನ್ಸ್ ತಂಡ ಇರುವುದು ಇಲ್ಲಿಂದ ಎರಡು ಗಂಟೆ ದೂರದ ಮಹಾನಗರದಲ್ಲಿ. ಅದರ ಮಾಲೀಕ ಬಣ್ಣದ ಕಾರ್ಖಾನೆಯ ವಾರಸುದಾರ. ಚಳಿ ಬಿದ್ದೊಡನೆ ಫ್ಲಾರಿಡಾಕ್ಕೆ ಹೋಗಿ ನೆಮ್ಮದಿಯಾಗಿ ದೋಣಿ ಏರುತ್ತಾನೆ. ಅವನ ಹಣದ ಚಿಂತೆಯೆಲ್ಲ ನಮ್ಮ ಓರ್ವಿಲ್‌ಗೆ. ಸಂಬಳದ ಮೊತ್ತ ಇಂತಿಷ್ಟು ದಾಟಿದರೆ ತಂಡ ತೆರಿಗೆ ಕಟ್ಟಬೇಕೆಂಬ ನಿಯಮ ಒಂದಿದೆ. ಆ ಗೆರೆಯ ಮಾತು ಬಂದರೆ ಓರ್ವಿಲ್‌ನ ಮುಖ ಮಗಳ ಮದುವೆ ಮಾಡಿ ಕೈ ಬರಿದಾದ ತಂದೆಯ ಹಾಗಾಗುತ್ತದೆ. ಇದೇ ಓರ್ವಿಲ್, ಪಕ್ಕದ ತಟ್ಟೆಯಲ್ಲಿ ಯಾರಾದರೂ ಬ್ರೆಡ್ಡಿನ ಅಂಚು ಬಿಟ್ಟು ಎದ್ದರೆ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಾನೆ. ನಾಯಿಗಂತೆ. ಅವನಿಗೆ ನಾಯಿ ಇಲ್ಲ.

ಇಷ್ಟು ಮಾತಿನ ನಡುವೆ ಮಿಲ್ಲಿ ಮಾತಾಡುವುದು ಕಡಿಮೆ. ಅರವತ್ತೆಂಟು ವಯಸ್ಸು, ಗಿಡ್ಡ ಆಳು, ಮುಂಗೈಯಲ್ಲಿ ಕಾವಲಿ ಸುಟ್ಟ ಹಳೆಯ ಗುರುತುಗಳು. ಬೆಳಗಿನ ಐದಕ್ಕೆ ಬಾಗಿಲು ತೆಗೆಯುತ್ತಾಳೆ, ಮಧ್ಯಾಹ್ನ ಎರಡಕ್ಕೆ ನಮ್ಮನ್ನೆಲ್ಲ ಹೊರದಬ್ಬುತ್ತಾಳೆ. ಆಲೂಗೆಡ್ಡೆ ತುಂಬಿ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಅವಳ ಪಿರೋಗಿ ಕಡುಬಿಗೆ ಪಕ್ಕದ ಜಿಲ್ಲೆಯಿಂದಲೂ ಜನ ಬರುತ್ತಾರೆ. ಅವಳಿಗೆ ಎಲ್ಲರೂ ‘ಚಿನ್ನ’. ಯಾರಿಗಾದರೂ ‘ಸರ್’ ಎಂದಳೆಂದರೆ ಆತ ಕೋಟು ಹಾಕಿಕೊಂಡು ಹೊರಡುವುದು ಕ್ಷೇಮ.

ನಮ್ಮ ಊರಲ್ಲಿ ಬೇಸಿಗೆಯಲ್ಲಿ ಆಡುವುದು ದೊಡ್ಡ ತಂಡಕ್ಕೆ ಹುಡುಗರನ್ನು ಪಳಗಿಸುವ ಹೆರನ್ಸ್‌ನ ಮರಿ ತಂಡ. ಎಲ್ಲೆಲ್ಲಿಂದಲೋ ಬರುವ ಹತ್ತೊಂಬತ್ತು ಇಪ್ಪತ್ತರ ಹುಡುಗರು, ಕೈಯಲ್ಲಿ ಒಂದು ಚೀಲ, ಬಾಡಿಗೆಗೆ ಸಾಲದ ಸಂಬಳ. ಊರಿನ ಮನೆಗಳೇ ಅವರನ್ನು ಒಬ್ಬೊಬ್ಬರಂತೆ ಹಂಚಿಕೊಂಡು ಇಟ್ಟುಕೊಳ್ಳುತ್ತಿದ್ದವು. ಮಿಲ್ಲಿಯ ಮನೆಯ ಮೇಲಿನ ಕೋಣೆಯಲ್ಲಿ ಹೀಗೆ ಹದಿನಾರು ಹುಡುಗರು ಇದ್ದು ಹೋದರು. ಅವರಲ್ಲಿ ಹದಿನೈದು ಜನ ಆಟ ಬಿಟ್ಟು ಬೇರೆ ಕೆಲಸ ಹಿಡಿದರು, ಆಟ ಅಂಥದ್ದು. ಉಳಿದವನೊಬ್ಬನೇ ವಿಲ್ಮರ್ ಕೆಸಾಡಾ.

ಹದಿನೈದು ವರ್ಷದ ಹಿಂದೆ ಡೊಮಿನಿಕನ್ ದೇಶದ ಸಾನ್ ಪೆದ್ರೊದಿಂದ ಬಂದಾಗ ಅವನಿಗೆ ಇಲ್ಲಿನ ಭಾಷೆಯ ನಾಲ್ಕು ಮಾತು ಬರುತ್ತಿತ್ತು, ಅದರಲ್ಲಿ ಮೂರು ಆಟದವು. ಮೊದಲ ವಾರ ಪಿರೋಗಿಯನ್ನು ಅನುಮಾನದಿಂದ ನೋಡಿದ. ಎರಡನೇ ವಾರ ಅಡುಗೆಮನೆಗೆ ನುಗ್ಗಿ ಬಾಳೆಕಾಯಿ ಬೇಯಿಸಿ, ಜಜ್ಜಿ, ಈರುಳ್ಳಿ ಹಾಕಿ ಮಿಲ್ಲಿಗೇ ಬಡಿಸಿದ. ಅವಳು ಉಪ್ಪು ಕಡಿಮೆ ಎಂದಳು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು. ಅವನು ಕ್ಯಾಚರ್, ಬ್ಯಾಟು ಹಿಡಿದವನ ಬೆನ್ನ ಹಿಂದೆ ದಿನವಿಡೀ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ. ದೊಡ್ಡ ತಂಡಕ್ಕೆ ಏರಿದ ಮೇಲೂ ಅವನು ಎರಡನೆಯ ಕ್ಯಾಚರನೇ. ಮೊದಲನೆಯವನಿಗೆ ಸುಸ್ತಾದರೆ ಇವನು. ಆಟವಿಲ್ಲದ ಸೋಮವಾರಗಳಲ್ಲಿ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಮಿಲ್ಲಿಯ ಮನೆಗೆ ಊಟಕ್ಕೆ ಬರುತ್ತಿದ್ದ.

ಈ ಸಲದ ಅಕ್ಟೋಬರಿಗೆ ಅವನ ಒಪ್ಪಂದ ಮುಗಿಯಿತು. ವಯಸ್ಸು ಮೂವತ್ತನಾಲ್ಕು. ದೊಡ್ಡ ತಂಡದಲ್ಲಿ ಹತ್ತು ವರ್ಷದ ದಿನಗಳು ತುಂಬಿದ ಆಟಗಾರನಿಗೆ ಪೂರ್ತಿ ಪಿಂಚಣಿ. ನಡುನಡುವೆ ಮರಿ ತಂಡಕ್ಕೆ ಇಳಿಸಿ ಏರಿಸಿದ್ದರಿಂದ ವಿಲ್ಮರ್‌ಗೆ ಎಪ್ಪತ್ತೊಂದು ದಿನ ಕಡಿಮೆ ಬಿದ್ದಿತ್ತು. ಜೂನ್ ಮೊದಲ ವಾರದವರೆಗೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರೂ ಸಾಕು. ಆದರೆ ಕೂರಲು ಯಾರಾದರೂ ಕರೆಯಬೇಕು.

ಈ ಲೆಕ್ಕ ಮಿಲ್ಲಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೆ ದುಂಡು ಮೇಜು ಭಾವನೆಗಳಿಗೆ ಬಗ್ಗುವಂಥದ್ದಲ್ಲ. ನವೆಂಬರಿನಲ್ಲಿ ಹೆರನ್ಸ್ ಒಬ್ಬ ಎಡಗೈ ಪಿಚರ್‌ಗೆ ಆರು ವರ್ಷಕ್ಕೆ ಹದಿನೈದು ಕೋಟಿ ಡಾಲರ್ ಕೊಟ್ಟಿತು. ಮಾರನೆಯ ಬೆಳಿಗ್ಗೆ ಓರ್ವಿಲ್ ಕಾಗದದ ಕರವಸ್ತ್ರದ ಮೇಲೆ ಸಂಬಳದ ಪಟ್ಟಿ ಬರೆದು ತಂದ.

"ಗೆರೆ ಇಲ್ಲಿದೆ. ನಾವು ಇಲ್ಲಿದೀವಿ," ಎಂದು ಎರಡು ಬೆರಳು ಅಂಟಿಸಿ ತೋರಿಸಿದ. "ಎಲ್ಲಾದ್ರೂ ಕತ್ತರಿ ಹಾಕ್ಲೇಬೇಕು. ಬೇಜಾರು ಮಾಡ್ಕೋಬೇಡ ಮಿಲ್ಲಿ, ಕೆಸಾಡಾನ ಜಾಗಕ್ಕೆ ಎಳೆ ಹುಡುಗನೊಬ್ಬ ಅರ್ಧ ಸಂಬಳಕ್ಕೆ ಸಿಗ್ತಾನೆ. ಇದು ವ್ಯವಹಾರ."

"ಹದಿನೈದು ಕೋಟಿ ಕೊಟ್ಟಾಗ ತೆಪ್ಪಗಿದ್ದೆ," ಎಂದ ಚೆಟ್. "ಈಗ ವಿಲ್ಮರ್‌ನ ಚಿಲ್ಲರೆ ಸಂಬಳದ ಮೇಲೆ ನಿನ್ನ ಕಣ್ಣು."

"ಚಿಲ್ಲರೇನೇ ಕೂಡಿ ಕೋಟಿ ಆಗೋದು. ನಲ್ಲಿ ರಿಪೇರಿಯವನಿಗೆ ಹಣಕಾಸು ಅರ್ಥ ಆಗಲ್ಲ."

"ಬಸ್ಸಲ್ಲಿ ಬಹಳ ಹಣಕಾಸು ಕಲಿಸಿದ್ರು ಅನ್ಸತ್ತೆ."

ಮಿಲ್ಲಿ ಕಾಫಿ ಪಾತ್ರೆ ಹಿಡಿದು ಬಂದು ಎಲ್ಲರ ಲೋಟ ತುಂಬಿಸಿದಳು, ಓರ್ವಿಲ್‌ನದನ್ನು ದಾಟಿ ಹೋದಳು.

"ಮಿಲ್ಲಿ, ನಂದು?"

"ಎಲ್ಲಾದ್ರೂ ಕತ್ತರಿ ಹಾಕ್ಲೇಬೇಕಲ್ಲ," ಎಂದಳು.

ಮೂರು ವಾರ ಅವನಿಗೆ ಎರಡನೆಯ ಲೋಟ ಕಾಫಿ ಸಿಗಲಿಲ್ಲ. ಮಾಲೀಕನ ಖಜಾನೆಗಾಗಿ ಅವನು ಅದನ್ನೂ ಸಹಿಸಿಕೊಂಡ.

ನಾನೊಮ್ಮೆ, "ವಿಲ್ಮರ್‌ಗೆ ಫೋನ್ ಮಾಡಿ ಏನಾಯ್ತು ಅಂತ ಕೇಳಬಾರದಾ?" ಎಂದೆ. ಮಿಲ್ಲಿ ನನ್ನನ್ನು ದುರುಗುಟ್ಟಿ ನೋಡಿದಳು. ಹುಡುಗರನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಒಂದು ಕಟ್ಟುಪಾಡಿದೆ. ಆಟ ಹೇಗಾಯಿತು, ಎಲ್ಲಿಗೆ ಕಳಿಸುತ್ತಾರೆ, ಉಳಿಸಿಕೊಳ್ಳುತ್ತಾರಾ ಎಂದು ನಾವಾಗಿ ಕೇಳಕೂಡದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಹದಿನಾರು ಹುಡುಗರಲ್ಲಿ ಒಬ್ಬನನ್ನೂ ಅವಳು ಕೇಳಿರಲಿಲ್ಲ. "ದಿನಾ ಅವರನ್ನ ಅದನ್ನೇ ಕೇಳೋರು ಬೇಕಾದಷ್ಟು ಜನ ಇದಾರೆ ಚಿನ್ನಾ. ಊಟ ಆಯ್ತಾ ಅಂತ ಕೇಳೋಳು ನಾನೊಬ್ಬಳೇ," ಎಂದಳು.

ಡಿಸೆಂಬರ್ ಎರಡನೆಯ ಮಂಗಳವಾರ. ಹೊರಗೆ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಹನ್ನೊಂದು ಗಂಟೆಗೆ ಚೆಟ್ ಫೋನು ನೋಡುತ್ತಿದ್ದವನು ಕನ್ನಡಕ ಹಣೆಗೇರಿಸಿದ.

"ಬಂತು. ಬ್ರಾನಿಗನ್ ಬರೆದಿದಾನೆ. ಹೆರನ್ಸ್‌ಗೆ ಟೆಕ್ಸಸ್‌ನಿಂದ ಹೊಸ ಕ್ಯಾಚರ್, ಎರಡು ವರ್ಷ. ಕೆಸಾಡಾ ವಾಪಸ್ ಬರಲ್ಲ."

ಬ್ರಾನಿಗನ್ ಎಂದರೆ ಹೆರನ್ಸ್ ಬಗ್ಗೆ ಬರೆಯುವ ಪತ್ರಕರ್ತ. ದುಂಡು ಮೇಜಿಗೆ ಅವನ ಮಾತು ಕೋರ್ಟಿನ ತೀರ್ಪು.

ಕಾವಲಿಯ ಮುಂದೆ ನಿಂತಿದ್ದ ಮಿಲ್ಲಿ ಸಟ್ಟುಗ ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬಂತು. ಹದಿನೆಂಟು ವರ್ಷದಲ್ಲಿ ಆ ಹೋಟೆಲಿನಲ್ಲಿ ನಾನು ಅಂಥ ವಾಸನೆ ಕಂಡವನಲ್ಲ. ಪಿರೋಗಿ ಸೀಯುತ್ತಿತ್ತು. ಚೆಟ್ ಓಡಿ ಹೋಗಿ ಒಲೆ ಆರಿಸಿದ.

ಓರ್ವಿಲ್ ಗೆದ್ದಿದ್ದ. ಅವನ ಕರವಸ್ತ್ರದ ಪಟ್ಟಿಯಂತೆಯೇ ತಂಡ ನಡೆದುಕೊಂಡಿತ್ತು. ಆದರೆ ಅವನು ಖಾಲಿ ಲೋಟವನ್ನು ತಿರುಗಿಸುತ್ತಾ ಕೂತಿದ್ದ.

"ಒಂದು ವರ್ಷ ಇಟ್ಕೋಬಹುದಿತ್ತು," ಎಂದ ಕೊನೆಗೆ. "ಅಂಥ ಏನು ಹೊರೆ ಆಗ್ತಿತ್ತು."

"ಗೆರೆ?" ಎಂದ ಚೆಟ್.

"ಗೆರೆ ಹಾಳಾಗ್ಲಿ. ಬಣ್ಣ ಮಾರಿ ದುಡ್ಡು ಮಾಡಿದೋನು. ಕಟ್ಲಿ ಬಿಡು ತೆರಿಗೆ."

ಇಪ್ಪತ್ತು ವರ್ಷದ ಹಣಕಾಸು ನೀತಿ ಒಂದು ತಟ್ಟೆ ಸೀದ ಪಿರೋಗಿಯ ಮುಂದೆ ಕುಸಿದು ಬಿತ್ತು. ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಚೆಟ್‌ನ ಫೋನು ಇಸಿದುಕೊಂಡು ಸುದ್ದಿ ಮತ್ತೆ ಓದಿದೆ. ಬ್ರಾನಿಗನ್‌ನ ಹೆಸರಿತ್ತು, ಅವನ ಗಡ್ಡದ ಚಿತ್ರವೂ ಇತ್ತು. ಕೆಳಗೆ ಹೋಗುತ್ತಾ ಹೋದರೆ, ಹಿಂದಿನ ವಾರ ಅದೇ ಬ್ರಾನಿಗನ್ ಹೆರನ್ಸ್‌ನ ಕ್ರೀಡಾಂಗಣವನ್ನು ಸರೋವರದ ನಡುವಿಗೆ ತೇಲಿಸಿಕೊಂಡು ಹೋಗುತ್ತಾರೆ ಎಂದು ಬರೆದಿದ್ದ. ಅದಕ್ಕೂ ಹಿಂದೆ, ಎಡಗೈ ಪಿಚರ್ ತನ್ನ ಬಲಗೈಯನ್ನು ಬೇರೆ ತಂಡಕ್ಕೆ ಮಾರಿದ್ದಾನೆಂದು.

"ಚೆಟ್, ಇದು ಯಾರೋ ತಮಾಷೆಗೆ ನಡೆಸೋ ಸುಳ್ಳು ಖಾತೆ."

ಚೆಟ್ ಓದಿದ. ಅವನ ಕಿವಿ ಕೆಂಪಾಯಿತು. "ಚಿತ್ರ ಅವನದೇ ಇತ್ತಲ್ಲ," ಎಂದ.

"ನಿನ್ನ ವ್ಯಾನಿನ ಮೇಲೂ ಸುಂದರವಾದ ನಲ್ಲಿ ಚಿತ್ರ ಇದೆ," ಎಂದ ಓರ್ವಿಲ್. "ಹೋಗು, ಉಗ್ರಾಣದ ಬಾಗಿಲು ತಟ್ಟು. ನೀನೇ ಹೇಳು."

ಚೆಟ್ ಹೋಗಿ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದ. ಒಳಗಿಂದ, "ಒಲೆ ಆರ್ಸಿದ್ಯಾ?" ಎಂಬ ದನಿಯಷ್ಟೇ ಬಂತು. ಆಮೇಲೆ ಮಿಲ್ಲಿ ಹೊರಬಂದು ಅವನನ್ನು ‘ಸರ್’ ಎಂದು ಕರೆದಳು. ಚೆಟ್ ಕೋಟು ಹಾಕಿಕೊಂಡ.

ಸುಳ್ಳು ಸುದ್ದಿ ಸುಳ್ಳಾಯಿತೇ ಹೊರತು ನಿಜ ಏನೆಂದು ಇನ್ನೂ ತಿಳಿಯಲಿಲ್ಲ. ಬುಧವಾರ, ಗುರುವಾರ ಮೇಜಿನಲ್ಲಿ ಯಾರೂ ಸಂಬಳದ ಮಾತೆತ್ತಲಿಲ್ಲ. ಓರ್ವಿಲ್ ಹವಾಮಾನದ ಬಗ್ಗೆ ಮಾತಾಡಿದ; ಅಷ್ಟು ಕೆಟ್ಟದಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಶುಕ್ರವಾರ ಒಂಬತ್ತೂವರೆಗೆ ಗೋಡೆಯ ಫೋನು ಹೊಡೆದುಕೊಂಡಿತು. ಮಿಲ್ಲಿ ಹೆಗಲಿಗೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ದೋಸೆಯಂಥ ಪ್ಯಾನ್‌ಕೇಕ್ ಮಗುಚುತ್ತಲೇ ಮಾತಾಡಿದಳು.

"ಹೇಳು ವಿಲ್ಮರ್... ಊಟ ಆಯ್ತಾ?... ಅಮ್ಮ ಹೇಗಿದಾರೆ?... ಮಕ್ಕಳು?..."

ಅವಳು ಬಹಳ ಹೊತ್ತು ಬರೀ ಕೇಳಿಸಿಕೊಂಡಳು. ಪ್ಯಾನ್‌ಕೇಕ್ ಮಗುಚುವುದು ನಿಂತಿತು.

"ಹೂಂ," ಎಂದಳು. "ಹೂಂ. ಸರಿ ಕಂದಾ. ಬರ್ತಾ ದಪ್ಪ ಕೋಟು ತಗೊಂಡ್ ಬಾ, ಹೋದ ಸಲದ್ದು ಹರಿದಿತ್ತು."

ಫೋನು ಇಟ್ಟಳು. ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಹೆಗಲು ಒಂದೆರಡು ಸಲ ಮೇಲೇರಿ ಇಳಿಯಿತು. ತಿರುಗಿದಾಗ ಮುಖ ಎಂದಿನಂತೆಯೇ ಇತ್ತು, ಮೂಗು ಮಾತ್ರ ಕೆಂಪಗಿತ್ತು.

"ಒಂದು ವರ್ಷ," ಎಂದಳು. "ಹೆರನ್ಸ್‌ಗೇ. ಸಹಿ ಆಗಿದೆ."

ಚೆಟ್ ಮೇಜಿಗೆ ಹಣೆ ಚಚ್ಚಿಕೊಂಡು ನಕ್ಕ. ಮಿಲ್ಲಿ ಪಾತ್ರೆ ತಂದು ಓರ್ವಿಲ್‌ನ ಲೋಟಕ್ಕೆ ಅಂಚು ತುಳುಕುವಷ್ಟು ಕಾಫಿ ಸುರಿದಳು. ಅವನು ಒಂದು ಗುಟುಕು ಕುಡಿದು, ಕುರ್ಚಿಗೆ ಒರಗಿ, ಹುಬ್ಬು ಏರಿಸಿದ. ಚೇರ್ಮನ್ ವಾಪಸ್ ಬಂದಿದ್ದ.

"ನಾನು ಮೊದಲಿಂದಾನೂ ಹೇಳ್ತಾನೇ ಇದ್ದೆ. ಎಳೆ ಪಿಚರ್‌ಗಳಿಗೆ ಒಬ್ಬ ಹಿರೀ ಕ್ಯಾಚರ್ ಬೇಕು. ಅದು ಖರ್ಚಲ್ಲ, ಬಂಡವಾಳ."

"ಕರವಸ್ತ್ರ ತೋರಿಸು," ಎಂದ ಚೆಟ್.

"ಮೂಗು ಒರೆಸಿಕೊಂಡ್ಬಿಟ್ಟೆ."

ಆವತ್ತು ಎರಡು ಗಂಟೆಯಾದರೂ ಮಿಲ್ಲಿ ನಮ್ಮನ್ನು ಓಡಿಸಲಿಲ್ಲ. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಾ, ಯಾವುದೋ ಹಾಡು ಗುನುಗುತ್ತಾ ಓಡಾಡಿದಳು. ಇಷ್ಟು ಒಳ್ಳೆಯ ಮನಸ್ಸಿನಲ್ಲಿ ಅವಳನ್ನು ಕಂಡು ನನಗೂ ಹುಮ್ಮಸ್ಸು ಬಂದು, ಮೇಜಿನ ಘನತೆಗೆ ತಕ್ಕ ಒಂದು ಪ್ರಶ್ನೆ ಕೇಳಿಯೇ ಬಿಟ್ಟೆ.

"ಮಿಲ್ಲಿ, ಒಂದು ಮಾತು. ನೀವೇ ಹೆರನ್ಸ್‌ನ ಮಾಲೀಕರಾಗಿದ್ದಿದ್ರೆ, ತೆರಿಗೆ ಗೆರೆ, ಸಂಬಳದ ಪಟ್ಟಿ ಎಲ್ಲ ನೋಡಿ, ವಿಲ್ಮರ್‌ಗೆ ಎಷ್ಟು ವರ್ಷದ ಒಪ್ಪಂದ ಕೊಡ್ತಿದ್ರಿ?"

"ಮಾಲೀಕಳಾಗಿದ್ದಿದ್ರೆ ಬೆಳಿಗ್ಗೆ ಐದಕ್ಕೆದ್ದು ನಿಮಗೆಲ್ಲ ಮೊಟ್ಟೆ ಹುರೀತಾ ಇರ್ತಿದ್ನಾ?" ಎಂದಳು ಮಿಲ್ಲಿ. "ಕಾಲೆತ್ತು. ನೆಲ ಒರೆಸ್ಬೇಕು."