ಗಾಳೆಪ್ಪನ ಮಿಸ್ ಕಾಲ್

ಗಾಳೆಪ್ಪ ತನ್ನ ಆಯುಷ್ಯದಲ್ಲಿ ಒಬ್ಬರಿಗೂ ನೆಟ್ಟಗೆ ಫೋನು ಮಾಡಿದವನಲ್ಲ. ಮಾಡುತ್ತಿದ್ದುದೆಲ್ಲ ಮಿಸ್ ಕಾಲ್. ಆ ಕಡೆ ಒಮ್ಮೆ ರಿಂಗಾಯಿತೆಂದರೆ ಸಾಕು, ಅವನ ಹೆಬ್ಬೆರಳು ತಾನಾಗಿಯೇ ಕೆಂಪು ಗುರುತಿನ ಮೇಲೆ ಬೀಳುತ್ತಿತ್ತು. ಮಾತಿಗೆ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ಕಲಿತ ವಿದ್ಯೆ ಅದು. ಎಷ್ಟು ಮಾತಾಡಿದರೂ ಒಂದೇ ಎನ್ನುವ ಕಾಲ ಬಂದ ಮೇಲೂ ಬೆರಳು ಅದನ್ನು ಮರೆಯಲಿಲ್ಲ. ಮುಂಡರಗಿ ಸೀಮೆಯಲ್ಲಿ, ಕಪ್ಪತಗುಡ್ಡದ ಬುಡದ ಆ ಊರಿನಲ್ಲಿ, ಇದನ್ನು ಯಾರೂ ಜಿಪುಣತನ ಎನ್ನುವುದಿಲ್ಲ. ಅದೊಂದು ರಿವಾಜು. ಸಣ್ಣವನು ಗಂಟೆ ಬಾರಿಸಬೇಕು, ದೊಡ್ಡವನು ತಿರುಗಿ ಫೋನು ಹಚ್ಚಬೇಕು. ದೊಡ್ಡವರ ಮನೆಯ ಹೊಸ್ತಿಲ ಹೊರಗೆ ನಿಂತು ಕೆಮ್ಮಿದ ಹಾಗೆ. ಕೆಮ್ಮಿದವನು ಒಳಗೆ ನುಗ್ಗುವುದುಂಟೆ? ನಿಂತು ಕಾಯಬೇಕು.

ಹೆಂಡತಿ ಹನಮಂತವ್ವನೊಂದಿಗೆ ಅವನು ವರ್ಷಾನುಗಟ್ಟಲೆ ಹೀಗೇ ಸಂಸಾರ ಮಾಡಿದ್ದ. ಒಂದು ರಿಂಗು ಕೊಟ್ಟು ಕತ್ತರಿಸಿದರೆ, ಗುಡ್ಡ ಇಳಿಯುತ್ತಿದ್ದೇನೆ, ರೊಟ್ಟಿಗೆ ಹಂಚು ಇಡು ಎಂದು ಅರ್ಥ. ಎರಡು ರಿಂಗು ಕೊಟ್ಟರೆ ತಡವಾಗುತ್ತದೆ, ನೀನು ಉಂಡುಬಿಡು ಎಂದು. ಅವನು ಬಾಗಿಲಿಗೆ ಬರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಬಾಯಿ ಬಿಟ್ಟು ಮಾತಾಡುವ ಎಷ್ಟೋ ಗಂಡ-ಹೆಂಡಿರಿಗೆ ಇಷ್ಟು ಹೊಂದಾಣಿಕೆ ಇಲ್ಲ.

ಗುಡ್ಡ ಅವನಿಗೆ ಅಂಗಳವಿದ್ದ ಹಾಗೆ. ಚಿಕ್ಕಂದಿನಿಂದ ಕುರಿ ಕಾಯ್ದವನು. ಆಮೇಲೆ ಗಿಡಮೂಲಿಕೆ ಹುಡುಕಿಕೊಂಡು ಬರುವ ವೈದ್ಯರಿಗೆ, ಕಾಲೇಜಿನವರಿಗೆ ದಾರಿ ತೋರಿಸುವ ಕೆಲಸಕ್ಕೆ ನಿಂತ. ಊರಿನ ಮರ್ದಾನಸಾಬನಿಗೆ ಒಮ್ಮೆ ಗುಡ್ಡದ ನೆತ್ತಿಯಲ್ಲಿ ಹಾವು ಕಚ್ಚಿದಾಗ, ಗಾಳೆಪ್ಪ ಅವನನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಒಂದೇ ಉಸಿರಿಗೆ ಇಳಿದುಬಂದಿದ್ದ. ಮರ್ದಾನಸಾಬ ಬದುಕಿ, ಟ್ರ್ಯಾಕ್ಟರ್ ಕೊಂಡು, ಮೂರು ಮಕ್ಕಳ ಮದುವೆ ಮಾಡಿದ. ಆಗ ಗಾಳೆಪ್ಪನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಬೆನ್ನಿತ್ತು, ಕಂಬಳಿ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಯಂತ್ರ ಬಂದದ್ದು ಆಮೇಲೆ. ಗುಡ್ಡದ ಮೂಲಿಕೆಗಳ ಲೆಕ್ಕ ಹಿಡಿಯಲೆಂದು ಒಂದು ಸಂಸ್ಥೆ ಗದಗಿನಲ್ಲಿ ಬಾಡಿಗೆ ಮನೆ ಹಿಡಿದು ಕಚೇರಿ ತೆರೆಯಿತು. ಗುಡ್ಡ ತಿರುಗಲು ಗೊತ್ತಿದ್ದವರನ್ನು ಜೋಡಿ ಜೋಡಿಯಾಗಿ ಕೆಲಸಕ್ಕೆ ಕರೆಯಿತು. ಗಾಳೆಪ್ಪ ತನ್ನ ಜೋಡಿಗೆ ಹೆಂಡತಿಯ ತಮ್ಮ ಅರ್ಜುನನನ್ನು ಹೊಂಬಳದಿಂದ ಕರೆಸಿಕೊಂಡ. ಅರ್ಜುನ ಗಟ್ಟಿ ಆಳು, ನಗುಮುಖದವನು, ಆದರೆ ಬಯಲುಸೀಮೆಯ ಕಾಲು; ಕಲ್ಲಿನ ಮೇಲೆ ನಡೆದು ರೂಢಿಯಿಲ್ಲ. ಅವನ ಹೆಂಡತಿ ಸೀಮಾಗೆ ಇದು ಅಷ್ಟಾಗಿ ಮನಸ್ಸಿರಲಿಲ್ಲ. ಹನಮಂತವ್ವನಿಗೂ ಅಳುಕೇ.

"ನಾ ಇರತೀನಲ್ಲ ಜೋಡಿ. ನಿನ್ನ ತಮ್ಮನ್ನ ನನ್ನ ಕೈಯಾಗ ಕೊಟ್ಟೀಯಂದ್ರ ಕೊಟ್ಟೀ, ಚಿಂತಿ ಬಿಡು," ಎಂದು ಗಾಳೆಪ್ಪ ಹೆಂಡತಿಗೆ ಮಾತು ಕೊಟ್ಟ.

ಸಂಸ್ಥೆಯವರು ಪ್ರತಿ ಜೋಡಿಗೂ ಕಿತ್ತಳೆ ಬಣ್ಣದ, ಅಂಗೈಯಗಲದ ಒಂದು ಯಂತ್ರ ಕೊಟ್ಟರು. ಅದಕ್ಕೆ ಮೊಬೈಲಿನ ರೇಂಜು ಬೇಡ. ನೇರವಾಗಿ ಆಕಾಶದ ಉಪಗ್ರಹದೊಡನೆ ಮಾತಾಡುತ್ತದಂತೆ. ಅದಕ್ಕೆಂದೇ ಸರ್ಕಾರದ ಪರವಾನಗಿ ತಂದಿದ್ದರಂತೆ. ಹೊತ್ತವನು ಎಲ್ಲಿದ್ದಾನೆಂದು ಗದಗಿನ ಕಚೇರಿಯ ಪರದೆಯ ಮೇಲೆ ಚುಕ್ಕಿ ಮೂಡುತ್ತದೆ. ಆಪತ್ತು ಬಂದರೆ ಮುಚ್ಚಳ ತೆಗೆದು ಕೆಂಪು ಗುಂಡಿ ಒತ್ತಬೇಕು. ಊರಿನವರು ಅದಕ್ಕೆ 'ಡಬ್ಬಿ' ಎಂದು ಹೆಸರಿಟ್ಟರು.

ಡಬ್ಬಿಯ ಪಾಠ ಹೇಳಿದವನು ಬೆಟಗೇರಿಯ ಸುನಿಲಕುಮಾರ. ಮಗ್ಗದ ಮನೆಯ ಮಗ, ಕಂಪ್ಯೂಟರು ಕಲಿತು ಸಂಸ್ಥೆಯಲ್ಲಿ ಕೆಲಸಕ್ಕಿದ್ದ. ಕೆಟ್ಟವನಲ್ಲ. ಗಡಿಬಿಡಿಯವನು.

"ಈ ಬಟನ್ ಒತ್ತಿ ಹಿಡೀರಿ, ದೀಪ ಮಿಣಕ್ ಮಿಣಕ್ ಅಂತೈತಿ. ಅಲ್ಲಿಗೆ ನಿಮ್ಮ ಕೆಲಸ ಮುಗೀತು, ಮುಂದಿಂದು ನಾವು ನೋಡ್ಕೋತೀವಿ. ಆದ್ರ ಸುಮ್ಮಸುಮ್ಮನ ಒತ್ತಬ್ಯಾಡ್ರೀಪಾ, ಖಬರ ಎಲ್ಲೆಲ್ಲೋ ದೊಡ್ಡವರ ತನಕ ಹೋಗತೈತಿ," ಎಂದ.

ಅಷ್ಟರಲ್ಲಿ ಚಹಾ ಬಂತು, ಪಾಠ ಮುಗಿಯಿತು. ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿದರೆ ಕರೆ ರದ್ದಾಗುತ್ತದೆ ಎಂದು ಅವನು ಹೇಳಲಿಲ್ಲ. ಪ್ರಾಣ ಹೋಗುವಾಗ ಯಾವನು ಎರಡು ಸಲ ಒತ್ತುತ್ತಾನೆ ಎಂದುಕೊಂಡನೋ, ಚಹಾ ಆರುತ್ತದೆ ಎಂದುಕೊಂಡನೋ, ದೇವರಿಗೇ ಗೊತ್ತು.

ಮೊದಮೊದಲು ಡಬ್ಬಿ ಒಂದು ತಮಾಷೆಯ ವಸ್ತುವಾಗಿತ್ತು. ಸಂಜೆ ಗುಡ್ಡ ಇಳಿದ ಮೇಲೆ ಸುನಿಲಕುಮಾರ ಫೋನು ಹಚ್ಚಿ, "ಗಾಳೆಪ್ಪಣ್ಣ, ಇವತ್ತ ಒಂದ ಕಡೆ ಭಾಳ ಹೊತ್ತು ನಿಂತಿದ್ರಲ್ಲ?" ಎಂದು ಕೇಳುತ್ತಿದ್ದ. ಅರ್ಜುನ ಪಕ್ಕದಿಂದ ಕೂಗುತ್ತಿದ್ದ: "ಮಾಮಾ ಪೊದಿ ಮರಿಗೆ ಹೋಗಿದ್ದಾರೀ! ಉಪಗ್ರಹಕ್ಕ ಸ್ವಲ್ಪ ಆ ಕಡೆ ಮುಖ ಮಾಡಾಕ ಹೇಳ್ರಿ!" ಗಾಳೆಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. ಆದರೂ ಡಬ್ಬಿಯನ್ನು ಎದೆಯ ಮೇಲೆ ನೇತುಹಾಕಿಕೊಂಡಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ದಿನಾ ಹೆಗಲಿಗೇರುತ್ತಿದ್ದ ಕಂಬಳಿ ಮನೆಯ ಗೂಟದಲ್ಲೇ ಉಳಿಯತೊಡಗಿತು.

ಆ ದಿನ ಬಿಸಿಲು ಇನ್ನೂ ನೆತ್ತಿಗೇರಿರಲಿಲ್ಲ. ಇಬ್ಬರೂ ಶಿರಹಟ್ಟಿಯ ಕಡೆಗಿರುವ ಒಂದು ಆಳವಾದ ಕೊಳ್ಳದ ಅಂಚಿನಲ್ಲಿ ನಡೆಯುತ್ತಿದ್ದರು. ಮೊಬೈಲು ಅಲ್ಲಿ ಸತ್ತ ಹಾಗೆ. ಒಂದು ಗೆರೆ ರೇಂಜೂ ಇಲ್ಲ. ಬಂಡೆಯ ಸಂದಿನಲ್ಲಿ ಕಂಡ ಗಿಡದ ಫೋಟೋ ತೆಗೆಯಲು ಅರ್ಜುನ ಮುಂದೆ ಬಾಗಿದ. ಕಾಲಡಿಯ ಕಲ್ಲು ಜಾರಿತು. ಕಲ್ಲಿನೊಂದಿಗೆ ಅವನೂ ಕೆಳಗೆ ಹೋದ.

ಗಾಳೆಪ್ಪ ಪೊದೆ ಹಿಡಿದು ಇಳಿದು ಹತ್ತಿರ ಹೋಗುವಷ್ಟರಲ್ಲಿ ಅರ್ಜುನ ಬಂಡೆಗೆ ಒರಗಿ ಕುಳಿತಿದ್ದ. ಎಚ್ಚರವಿತ್ತು. ತೊಡೆ ಮಾತ್ರ ಮಡಿಚಬಾರದ ಕಡೆ ಮಡಿಚಿಕೊಂಡಿತ್ತು, ನೋಡನೋಡುತ್ತ ಬಾತುಕೊಳ್ಳುತ್ತಿತ್ತು.

"ಮಾಮಾ, ಭಾಳ ನೋಯಾಕತ್ತೇತಿ."

"ಏನೂ ಆಗಿಲ್ಲಲೇ. ಡಬ್ಬಿ ಐತಿ," ಎಂದ ಗಾಳೆಪ್ಪ.

ಮುಚ್ಚಳ ತೆಗೆದು ಕೆಂಪು ಗುಂಡಿ ಒತ್ತಿ ಹಿಡಿದ. ದೀಪ ಮಿಣುಕಿತು. ಕೆಲಸ ಅಲ್ಲಿಗೆ ಮುಗಿದಿತ್ತು, ಸುನಿಲಕುಮಾರ ಹೇಳಿದ್ದ ಹಾಗೆಯೇ. ಆದರೆ ದೀಪ ಮಿಣುಕುತ್ತಲೇ ಇತ್ತು, ಆ ಕಡೆ ರಿಂಗಾಗುತ್ತಿರುವ ಫೋನಿನ ಹಾಗೆ. ಎಲ್ಲೆಲ್ಲಿಯ ದೊಡ್ಡವರಿಗೆ ಹೋಗುವ ಖಬರು ಇದು! ಗೊತ್ತಾದರೆ ಸಾಲದೇ, ಇಷ್ಟೊತ್ತು ಬಾರಿಸುತ್ತ ನಿಲ್ಲುವುದು ಎಂಥ ಮರ್ಯಾದೆ? ಅವನು ಆಯುಷ್ಯವಿಡೀ ಮಾಡಿದ್ದನ್ನೇ ಮಾಡಿದ. ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿದು ಕತ್ತರಿಸಿದ. ಡಬ್ಬಿ ಟಿಣ್ ಎಂದು ಒಪ್ಪಿಕೊಂಡಿತು.

"ಹೋತು ನೋಡು ಮಿಸ್ ಕಾಲ್. ಈಗ ಅವ್ರಽ ಬರತಾರ," ಎಂದ.

ಸ್ವಲ್ಪ ಹೊತ್ತಿಗೆ ಡಬ್ಬಿ ಮತ್ತೆ ಟಿಣ್ ಎಂದಿತು. ಪುಟ್ಟ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡಿದವು. ಗಾಳೆಪ್ಪ ಕನ್ನಡ ಓದಬಲ್ಲ, ಅದನ್ನಲ್ಲ. ಅರ್ಜುನನ ಕಣ್ಣು ನೋವಿಗೆ ಮಂಜಾಗಿದ್ದವು.

"ಏನ್ ಬರದಾರ ಮಾಮಾ?"

"ಬರಾಕತ್ತೇವಿ, ಅಲ್ಲೇ ಕುಂಡ್ರಿ ಅಂತ."

ಇದು ಸುಳ್ಳಲ್ಲ, ಅವನ ನಂಬಿಕೆ. ಮಿಸ್ ಕಾಲ್ ಕೊಟ್ಟ ಮೇಲೆ ತಿರುಗಿ ಬಂದ ಸುದ್ದಿಗೆ ಬೇರೆ ಅರ್ಥ ಇರಲು ಸಾಧ್ಯವೇ? ಅಸಲಿಗೆ ಅಲ್ಲಿ ಬರೆದಿದ್ದು, 'ಎಲ್ಲ ಸರಿ ಇದೆಯಾ?' ಎಂದು.

ಅವರು ಕುಳಿತರು. ನನಗೆ ಸಿಟ್ಟು ಬರುವುದು ಇದಕ್ಕೇ. ಹಾವು ಕಚ್ಚಿದವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದಿದ್ದ ಗಂಡಸು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಂಡೆಯ ನೆರಳಲ್ಲಿ ಕುಳಿತ. ಕೊಳ್ಳದ ಮೇಲಿನ ಏರಿಯಲ್ಲಿ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಸಾಲಾಗಿ ನಿಂತಿವೆ. ಅಲ್ಲಿಗೆ ಹತ್ತಿದರೆ ಮೊಬೈಲಿಗೆ ರೇಂಜು ಸಿಗುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೆ ಬರುವವರು ಬಂದಾಗ ತಾನು ಇಲ್ಲದಿದ್ದರೆ? ಆಕಾಶ ನೋಡಿದ, ದಾರಿ ನೋಡಿದ. ಬಿಸಿಲು ಸರಿದ ಹಾಗೆ ಅರ್ಜುನನನ್ನು ನೆರಳಿಗೆ ಸರಿಸಿದ, ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ. ತಾಳಲಾರದೆ ಮತ್ತೆ ಗುಂಡಿ ಒತ್ತಿದ, ಮತ್ತೆ ಮರ್ಯಾದೆಯಿಂದ ಕತ್ತರಿಸಿದ. ಅರ್ಜುನ ಬಾಯಾರಿ ತೊದಲತೊಡಗಿದಾಗ ಇನ್ನೊಮ್ಮೆ. ಒಂದೇ ಒಂದು ಸಲ ಒತ್ತಿ ಬಿಟ್ಟುಬಿಟ್ಟಿದ್ದರೆ!

ಇಳಿಹೊತ್ತಿಗೆ ಅರ್ಜುನ ಮಾತು ನಿಲ್ಲಿಸಿದ. ಆಗ ಗಾಳೆಪ್ಪನಿಗೆ ಡಬ್ಬಿಯ ಮೇಲಿನ ಭರವಸೆ ಹರಿಯಿತು. ಮುಳ್ಳು, ಕಲ್ಲು ನೋಡದೆ ಏರಿ ಹತ್ತಿ, ಫ್ಯಾನಿನ ಬುಡದಲ್ಲಿ ನಿಂತು ಮರ್ದಾನಸಾಬನಿಗೆ ಫೋನು ಹಚ್ಚಿದ. ಈ ಸಲ ಕತ್ತರಿಸಲಿಲ್ಲ.

"ಮರ್ದಾನಣ್ಣ, ಅರ್ಜುನ ಮುಂಜಾನಿ ಕೊಳ್ಳದಾಗ ಬಿದ್ದಾನೋ. ಲಗೂನ ಬಾರೋ!"

"ಮುಂಜಾನಿಂದ ಏನ್ ಮಾಡಾಕತ್ತಿದ್ದಿಯೋ ಮಾರಾಯಾ!" ಎಂದು ಚೀರಿದ ಮರ್ದಾನಸಾಬ, ಆಗಲೇ ಟ್ರ್ಯಾಕ್ಟರ್ ಹತ್ತಿದ್ದ.

ಆಮೇಲೆ ಗಾಳೆಪ್ಪ ಹೆಂಡತಿಯ ನಂಬರು ತೆಗೆದ. ರಿಂಗಾಯಿತು. ಏನೆಂದು ಹೇಳುವುದು? ನಿನ್ನ ತಮ್ಮನ್ನ ನನ್ನ ಕೈಯಾಗ ಕೊಟ್ಟೀ ಎಂದ ಅದೇ ಬಾಯಿ. ಒಂದೇ ರಿಂಗಿಗೆ ಕತ್ತರಿಸಿಬಿಟ್ಟ.

ಮರ್ದಾನಸಾಬ ನಾಲ್ಕಾಳು ಕರೆದುಕೊಂಡು, ಟ್ರ್ಯಾಕ್ಟರನ್ನು ಗುಡ್ಡದ ಬುಡಕ್ಕೆ ನಿಲ್ಲಿಸಿ ಓಡೋಡಿ ಬಂದ. ಮುಂಜಾನೆ ಹೇಳಿದ್ದರೆ ಮುಂಜಾನೆಯೇ ಬರುತ್ತಿದ್ದ. ಅವನು ಬರುವಷ್ಟರಲ್ಲಿ ಅರ್ಜುನನ ಕೈ ತಣ್ಣಗಾಗಿತ್ತು. ಒಳಗೊಳಗೇ ರಕ್ತ ಸೋರಿ ತೀರಿಹೋಗಿದ್ದ. ಡಾಕ್ಟರು ನೋಡಿ, ಇನ್ನೊಂದಿಷ್ಟು ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದು ಸಲೀಸಾಗಿ ಹೇಳಿದರು.

ಇತ್ತ ಮನೆಯಲ್ಲಿ ಹನಮಂತವ್ವನಿಗೆ ಒಂದು ರಿಂಗು ಬಂದಿತ್ತು. ಒಂದು ರಿಂಗೆಂದರೆ ಗುಡ್ಡ ಇಳಿಯುತ್ತಿದ್ದೇವೆ, ಹಂಚು ಇಡು. ಅವಳು ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ತಮ್ಮನಿಗೆ ಇಷ್ಟವೆಂದು ಶೇಂಗಾ ಹಿಂಡಿಯ ಚಟ್ನಿಪುಡಿ ಕುಟ್ಟಿದಳು. ಟ್ರ್ಯಾಕ್ಟರ್ ಅಂಗಳಕ್ಕೆ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಆರಿಹೋಗಿತ್ತು.

ಮಣ್ಣು ಮುಗಿದ ಮೇಲೆ ಸುನಿಲಕುಮಾರ ಬಂದು ಕಟ್ಟೆಯ ಮೇಲೆ ಕುಳಿತ. ಬಿಳಿಚಿಕೊಂಡಿದ್ದ.

"ಗಾಳೆಪ್ಪಣ್ಣ, ಒತ್ತೀರಿ, ನೀವಽ ರದ್ದು ಮಾಡೀರಿ. ಮತ್ತ ಒತ್ತೀರಿ, ಮತ್ತ ರದ್ದು. ಮುಚ್ಚಳ ಸಡಲಾಗಿ ತಾನಽ ಒತ್ತಿಕೊಳ್ಳಾಕತ್ತೇತಿ ಅಂದ್ಕೊಂಡ್ವಿ. ಮೊಬೈಲಿಗೂ ಹಚ್ಚಿದೆ, ಹತ್ತಲಿಲ್ಲ."

"ನಾ ಎಲ್ಲಿ ರದ್ದು ಮಾಡೀನ್ರೀ? ಮಿಸ್ ಕಾಲ್ ಕೊಟ್ಟೀನಿ," ಎಂದ ಗಾಳೆಪ್ಪ.

ಬೆಟಗೇರಿಯಲ್ಲಿ ಸುನಿಲಕುಮಾರನ ಅವ್ವನೂ ಪ್ರತಿ ಸಂಜೆ ಅವನಿಗೆ ಮಿಸ್ ಕಾಲ್ ಕೊಡುತ್ತಾಳೆ. ಅವನೂ ತಪ್ಪದೆ ತಿರುಗಿ ಹಚ್ಚುತ್ತಾನೆ. ಅವ್ವನ ರಿಂಗು ಅರ್ಥವಾಗುತ್ತಿದ್ದವನಿಗೆ ಗಾಳೆಪ್ಪನದು ಅರ್ಥವಾಗಲಿಲ್ಲ. ಅದು ಪರದೆಯ ಮೇಲೆ ಬಂದಿತ್ತಲ್ಲ.

ಸೀಮಾ ಹೊಂಬಳದಿಂದ ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಹನಮಂತವ್ವ ಗಂಡನನ್ನು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ತಾಟು ಇಟ್ಟು ಒಳಗೆ ಹೋಗುತ್ತಿದ್ದಳು. ಗೂಟದ ಮೇಲಿನ ಕಂಬಳಿಯನ್ನು ಮಡಿಚಿ ಅಟ್ಟಕ್ಕೆ ಹಾಕಿದ್ದಳು. ಅದನ್ನು ಯಾಕೆ ತೆಗೆದೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮುಂದಿನ ಸುಗ್ಗಿಯ ಹೊತ್ತಿಗೆ ಸಂಸ್ಥೆ ಹೊಸ ಆಳುಗಳನ್ನು ತೆಗೆದುಕೊಂಡು, ಗದಗಿನಲ್ಲಿ ಮತ್ತೆ ಪಾಠ ಇಟ್ಟಿತು. ಗಾಳೆಪ್ಪನನ್ನೂ ಕರೆಸಿತು. ಈ ಸಲ ಪ್ರತಿ ಡಬ್ಬಿಯ ಬೆನ್ನಿಗೂ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದ್ದರು: 'ಒಮ್ಮೆ ಒತ್ತಿದ ಮೇಲೆ ಮತ್ತೆ ಒತ್ತಬೇಡಿ. ಮಿಸ್ ಕಾಲ್ ಕೊಡಬೇಡಿ.' ಹೆಬ್ಬೆರಳಗಲದ ಚೀಟಿ. ಅಷ್ಟೇ ಬೇಕಾಗಿತ್ತು.

"ಎರಡು ಮಾತು ಹೇಳ್ರಿ ಗಾಳೆಪ್ಪಣ್ಣ, ಇವರಿಗೆ ಬುದ್ಧಿ ಬರ್ಲಿ," ಎಂದ ಸುನಿಲಕುಮಾರ, ತಲೆ ತಗ್ಗಿಸಿ.

ಗಾಳೆಪ್ಪ ಎದ್ದು ನಿಂತ. ಡಬ್ಬಿ ಕೈಗೆತ್ತಿಕೊಂಡು ಚೀಟಿ ಓದಿದ. "ಇದನ್ನ ಓದ್ಕೋರಿ. ಆದ್ರ ಕಂಬಳಿ ಮನ್ಯಾಗ ಬಿಟ್ಟು ಬರಬ್ಯಾಡ್ರಿ," ಎಂದಷ್ಟೇ ಹೇಳಿ ಕುಳಿತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಡಬ್ಬಿಗೂ ಕಂಬಳಿಗೂ ಏನು ಸಂಬಂಧ ಎಂದುಕೊಂಡಿರಬೇಕು.

ಸಂಜೆ ಊರ ಅಗಸಿ ಬಾಗಿಲಲ್ಲಿ ಬಸ್ಸು ಇಳಿದಾಗ ರೂಢಿಯಂತೆ ಕೈ ಫೋನಿಗೆ ಹೋಯಿತು. ಆ ದಿನದ ನಂತರ ಅವನು ಹೆಂಡತಿಗೆ ಒಮ್ಮೆಯೂ ರಿಂಗು ಕೊಟ್ಟಿರಲಿಲ್ಲ. ಹಚ್ಚಿದ. ಒಂದು ರಿಂಗಾಯಿತು, ಎರಡಾಯಿತು. ಹೆಬ್ಬೆರಳು ತಾನಾಗಿಯೇ ಕೆಂಪು ಗುರುತಿನ ಕಡೆ ಹೊರಟಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡು ನಿಂತ. ಕೊನೆಗೆ ಆ ಕಡೆ ಎತ್ತಿದಳು.

"ನಾನು," ಎಂದ. "ಬಸ್ ಇಳದೀನಿ. ಮನಿಗೆ ಬರಾಕತ್ತೀನಿ."

ಒಲೆಯ ಸೌದೆ ಚಟಪಟ ಎನ್ನುವುದು ಕೇಳುತ್ತಿತ್ತು.

"ಈಗ ಕಲತ್ರೇನ್ರಿ?" ಎಂದಳು ಹನಮಂತವ್ವ. ಫೋನು ಕತ್ತರಿಸಿದಳು.