ಅಮದಳ್ಳಿಯ ರೈಟ್‌ಔಟ್

ನಮ್ಮವರ ಹಣೆಯ ಮೇಲೆ, ಎಡಹುಬ್ಬಿನಿಂದ ತುಸು ಮೇಲಕ್ಕೆ, ಹೊಲಿಗೆ ಹಾಕಿದಂಥ ಒಂದು ಗಾಯದ ಗುರುತಿತ್ತು. ಅಡ್ಡಕ್ಕೆ ಒಂದು ಗೆರೆ, ಅದರ ಮೇಲೆ ಸಾಲಾಗಿ ನಾಲ್ಕು ಚುಕ್ಕಿ. ಆಗಿನ ಫುಟ್‌ಬಾಲು ದಪ್ಪ ಚರ್ಮದ್ದು. ಒಳಗಿನ ಬ್ಲಾಡರಿಗೆ ಗಾಳಿ ತುಂಬಿ, ಬಾಯನ್ನು ಚರ್ಮದ ದಾರದಿಂದ ಬಿಗಿಯುತ್ತಿದ್ದರು. ಮಳೆಯಲ್ಲಿ ನೆನೆದು ಕಲ್ಲಿನಂತಾದ ಚೆಂಡಿಗೆ ತಲೆ ಕೊಟ್ಟಾಗ ಆ ದಾರವೇ ಹಣೆಯಲ್ಲಿ ಅಚ್ಚೊತ್ತಿತ್ತು. ಮದುವೆಯ ದಿನ ಬಾಸಿಂಗ ಕಟ್ಟಲು ಬಂದ ನನ್ನ ಸೋದರತ್ತೆ ಅದನ್ನು ಕಂಡು, “ಎಲ್ಲಿ ಜಗಳ ಮಾಡ್ಕಂಡ್ ಬಂದದ್ದು ಇದು?” ಎಂದು ಕೇಳಿದಳು.

“ಜಗಳ ಅಲ್ಲ ಅತ್ತೇ, ಗೋಲು,” ಎಂದರು ಇವರು.

ಗೋಲು ಎಂದರೇನೆಂದು ಆ ಚಪ್ಪರದಡಿ ಒಬ್ಬರಿಗೂ ತಿಳಿದಿರಲಿಲ್ಲ. ಅತ್ತೆ ಅದೇನೋ ಕಾಯಿಲೆಯ ಹೆಸರಿರಬೇಕೆಂದು ಮತ್ತೆ ಕೇಳಲಿಲ್ಲ.

ನನ್ನ ತವರು ಮಂಜಗುಣಿ. ಗಂಗಾವಳಿ ನದಿ ಸಮುದ್ರ ಸೇರುವ ಕಡೆ ಅಪ್ಪನಿಗೆ ಗದ್ದೆಯೂ ಒಂದಿಷ್ಟು ಕಬ್ಬಿನ ಜಾಗವೂ ಇದ್ದವು. ಉಪ್ಪಿನ ಸತ್ಯಾಗ್ರಹ ಆದ ಮರುವರ್ಷ, ಕಾರವಾರದ ಈಚೆಯ ಅಮದಳ್ಳಿಯಿಂದ ನನಗೆ ಸಂಬಂಧ ಬಂತು. ತಂದವನು ನನ್ನ ತಾಯಿಯ ದೂರದ ಅಣ್ಣ. ಜಗುಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತ ಅಪ್ಪ ಕೇಳಿದ, “ಹುಡ್ಗ ಎಂತ ಕೆಲ್ಸ ಮಾಡ್ತಾ?”

ಮಾವ ಗಂಟಲು ಸರಿಮಾಡಿಕೊಂಡ. “ಮುಂಬೈಲಿ ಚೆಂಡು ಒದೀತಾ.”

“ಅದ್ಕೆ ಸಂಬಳ ಕೊಡ್ತ್ರಾ?”

“ಕೊಡ್ತ್ರು.”

ಒಳಗಿನಿಂದ ನನ್ನ ಅಜ್ಜಿಯ ದನಿ ಬಂತು: “ನಮ್ಮನೆ ಕರೂನೂ ಒದೀತದೆ. ಅದ್ಕೆ ಯಾರೂ ಹಿಂಡಿ ಸೈತ ಕೊಡೂದಿಲ್ಲ.”

ಅಪ್ಪ ನಗಲಿಲ್ಲ. ಕಾಲನ್ನು ನಂಬಿ ಬದುಕುವವನಾದರೆ ಕಾಲನ್ನೇ ನೋಡಬೇಕು ಎಂದ. ಹುಡುಗ ಹೆಣ್ಣು ನೋಡಲು ಬಂದ ದಿನ ಅವನನ್ನು ನೇರ ಕಬ್ಬಿನ ಗದ್ದೆಗೆ ಕರೆದೊಯ್ದು, “ಏತ ತುಳಿ, ಕಾಂಬ,” ಎಂದುಬಿಟ್ಟ. ಏತವೆಂದರೆ ಬಾವಿಯ ಮೇಲೆ ತೂಗುಹಾಕಿದ ಉದ್ದನೆಯ ಮರ. ಅದರ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತಬೇಕು. ನಮ್ಮೂರ ಗಟ್ಟಿ ಆಳುಗಳೂ ಪಕ್ಕದ ಬಿದಿರು ಹಿಡಿಯದೆ ನಡೆಯುತ್ತಿರಲಿಲ್ಲ. ಇವರು ಅಂಗಿ ಕಳಚಿ, ಎರಡೂ ಕೈ ಬಿಟ್ಟು, ಬಿಸಿಲು ನೆತ್ತಿಗೆ ಬರುವ ತನಕ ನಡೆದರು. ಹುಲ್ಲು ಬಣವೆಯ ಹಿಂದೆ ನಿಂತು ನಾನು ಮೊದಲು ಕಂಡದ್ದು ಅವರ ಮುಖವನ್ನಲ್ಲ, ಆ ನಡಿಗೆಯನ್ನು. ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದ: “ಕೊಡ್ವ. ಆಟ ಕೈಬಿಟ್ರೂ ಇಂವ ಬದುಕ್ತಾ.”

ಇವರು ಚೆಂಡಾಟ ಕಲಿತದ್ದು ಕಾರವಾರದ ಸಮುದ್ರದಂಡೆಯಲ್ಲಿ. ತರಕಾರಿ ಹೊತ್ತು ಸಂತೆಗೆ ಹೋದವರು ಮರಳಿನ ಮೇಲೆ ಶಾಲೆಯ ಹುಡುಗರು ಆಡುವುದನ್ನು ಕಂಡು, ಬುಟ್ಟಿ ಇಳಿಸಿ ಸೇರಿಕೊಂಡರಂತೆ. ಹದಿನೆಂಟಕ್ಕೆ ಚಿಕ್ಕಪ್ಪನ ಬೆನ್ನು ಹಿಡಿದು ಮುಂಬಯಿಯ ಬಟ್ಟೆ ಗಿರಣಿ ಸೇರಿದರು. ಗಿರಣಿಗೊಂದು ತಂಡವಿತ್ತು. ಆಟಕ್ಕೇ ಸಂಬಳ ಎಂದು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಇವರು ನೇಕಾರ; ಮಗ್ಗ ಮುಟ್ಟಿದ್ದು ಮಾತ್ರ ಮೊದಲ ಆರು ತಿಂಗಳು. ಆಮೇಲೆ ದಿನವೂ ಮೈದಾನ. ನಮ್ಮ ಮದುವೆಯ ಹೊತ್ತಿಗೆ ಮುಂಬಯಿಯ ಒಂದು ಸರ್ಕಾರಿ ಇಲಾಖೆಯ ತಂಡ ಅವರನ್ನು ಕರೆದುಕೊಂಡಿತ್ತು. ಅಲ್ಲಿ ಅವರು ರೈಟ್‌ಔಟ್, ಅಂದರೆ ಮೈದಾನದ ಬಲ ಅಂಚಿನಲ್ಲಿ ಓಡುತ್ತ ಚೆಂಡನ್ನು ನಡುವಿನವರಿಗೆ ತಂದು ಮುಟ್ಟಿಸುವವರು.

ಮೈದಾನದ ಹೊರಗೆ ಅವರು ಕಾಲಿನಿಂದ ಏನನ್ನೂ ತಳ್ಳುತ್ತಿರಲಿಲ್ಲ. ಅಂಗಳದಲ್ಲಿ ತೆಂಗಿನಕಾಯಿ ಉರುಳಿ ಬಂದರೆ ಬಗ್ಗಿ ಕೈಯಿಂದ ಎತ್ತಿಡುವರು. ದಾರಿಯ ಕಲ್ಲನ್ನೂ ಹಾಗೆಯೇ. ಅವರ ತಾಯಿ ಒಮ್ಮೆ ಬಾಗಿಲಿಗೆ ಅಡ್ಡ ಮಲಗಿದ ನಾಯಿಯನ್ನು ಒದ್ದು ಓಡಿಸು ಎಂದಾಗ, “ಅಬೇ, ಕಾಲು ಕೆಲ್ಸದ್ದು, ಸಿಟ್ಟಿನದ್ದಲ್ಲ,” ಎಂದಿದ್ದರು. ಹೋದ ಊರಿನಲ್ಲಿ ಮೊದಲ ದಿನವೇ ಎರಡು ಮಾತು ಕಲಿಯಬೇಕು ಎನ್ನುವುದು ಅವರ ಇನ್ನೊಂದು ನೇಮ: ‘ನೀರು’ ಮತ್ತು ‘ನನಗೆ ಕೊಡು’. ಒಂದು ಬದುಕೂಕೆ, ಇನ್ನೊಂದು ಆಡೂಕೆ ಎನ್ನುವರು.

ಫುಟ್‌ಬಾಲಿನ ಋತು ಮಳೆಗಾಲ. ಹಾಗಾಗಿ ಬೇರೆಯವರ ಗಂಡಂದಿರು ಮಳೆಗೆ ಊರಿಗೆ ಮರಳಿದರೆ ನನ್ನವರು ಮಳೆಗೆ ಊರು ಬಿಡುವರು. ನಾಟಿಯ ಸಾಲಿನಲ್ಲಿ ಹೆಂಗಸರು ನನ್ನನ್ನು ಬಿಡುತ್ತಿರಲಿಲ್ಲ. “ನಿನ್ ಗಂಡ ಅಲ್ಲಿ ಕೆಸರು ತುಳೀತಾ, ನೀ ಇಲ್ಲಿ ತುಳೀತಿ. ಇಬ್ರೂ ಒಂದೇ ಗದ್ದೇಲಿ ತುಳದ್ರೆ ಆಗೂದಿಲ್ವೇನೆ?” ನಾನೂ ನಗುತ್ತಿದ್ದೆ. ಕೆಸರು ಮಾತ್ರ ಆಗ ಸ್ವಲ್ಪ ತಣ್ಣಗೆ ಅನಿಸುತ್ತಿತ್ತು.

ಮದುವೆಯ ಮರುವರ್ಷ ಅಂಕೋಲೆ ಸೀಮೆಯಲ್ಲಿ ಕರನಿರಾಕರಣೆ ಶುರುವಾಯಿತು. ಕಂದಾಯ ಕೊಡುವುದಿಲ್ಲ ಎಂದ ರೈತರ ಹೊಲ, ಎಮ್ಮೆ, ತಾಮ್ರದ ಹಂಡೆ ಎಲ್ಲವನ್ನೂ ಸರ್ಕಾರ ಜಪ್ತಿ ಮಾಡಿತು. ನನ್ನ ಅಪ್ಪನದೂ ಹೋಯಿತು. ತವರಿನವರೆಲ್ಲ ನೆಂಟರೊಬ್ಬರ ತೆಂಗಿನ ತೋಟದಲ್ಲಿ ಸೋಗೆಯ ಬಿಡಾರ ಹೂಡಿದ್ದರು. ಅಮದಳ್ಳಿಯಲ್ಲಿ ನಾನು ಈ ಸುದ್ದಿ ಕೇಳಿ ಹದಿನೈದು ದಿನವಾಗಿತ್ತೇನೋ, ಮುಂಬಯಿಯಲ್ಲಿರಬೇಕಾದ ಇವರು ಹೇಳದೆ ಕೇಳದೆ ಆಗಬೋಟಿನಿಂದ ಕಾರವಾರಕ್ಕೆ ಇಳಿದು ಮನೆಗೆ ಬಂದರು. “ನಾಳೆ ಮಂಜಗುಣಿಗೆ ಹೋಗ್ವ,” ಎಂದಷ್ಟೇ ಹೇಳಿದರು.

ಹೋದೆವು. ಅಪ್ಪ ಬಿಡಾರದ ಮುಂದೆ ಕೂತು ಬೇರೆಯವರಿಗಾಗಿ ತೆಂಗಿನ ಮಡಲು ಹೆಣೆಯುತ್ತಿದ್ದ. ಅಳಿಯನನ್ನು ಕಂಡು ಎದ್ದ. “ಎಂತ ಅಳಿಯಾ, ಹಬ್ಬ ಇಲ್ಲ, ಹುಣ್ಮೆ ಇಲ್ಲ, ಬಂದ್ಯಲ?”

“ಸುಮ್ನೆ ಬಂದೆ ಮಾವಾ. ಕಾಲಿಗೆ ರಜೆ ಕೊಟ್ಟಿದ್ರು.”

ಅಮ್ಮ ಗಂಜಿ ಬಡಿಸಿದಳು, ಜೊತೆಗೆ ಸುಟ್ಟ ಒಣಮೀನು. ಇವರು ಎರಡು ಸಲ ಹಾಕಿಸಿಕೊಂಡು ಉಂಡರು. ಆಮೇಲೆ ಅಪ್ಪನ ಪಕ್ಕ ಕೂತು ಸಂಜೆಯ ತನಕ ಮಡಲು ಹೆಣೆದರು. ಮಾತು ಮಳೆ, ಮೀನು, ಎಮ್ಮೆಯದೇ ಆಗಿತ್ತು. ಎರಡು ಮೂರು ಬಾರಿ ಏನೋ ಹೇಳಲು ಬಾಯಿ ತೆರೆದಂತೆ ನನಗೆ ಕಂಡಿತು. ಅಪ್ಪನ ಕೈಗಳನ್ನು ನೋಡಿ ಮತ್ತೆ ಮಡಲಿಗೇ ಕೈ ಹಾಕಿದರು. ಮರುದಿನ ಹೊರಟೆವು.

ಅಂಕೋಲೆ ದಾಟಿ ಬರುವಾಗ ಒಂದು ಗೇರುಮರದ ಕೆಳಗೆ ದಣಿವಾರಿಸಿಕೊಳ್ಳಲು ಕೂತಾಗ ಹೇಳಿದರು: “ನಾ ಇನ್ನು ಆ ತಂಡಕ್ಕೆ ಹೋಗೂದಿಲ್ಲ.”

ನಾನು ಅವರ ಕಾಲು ನೋಡಿದೆ. “ಎಂತಕೆ? ಕಾಲಿಗೆ ಏನಾದ್ರೂ ಆಯ್ತಾ?”

“ಕಾಲು ಗಟ್ಟಿಯೇ ಇದೆ. ಇಲಾಖೆಯ ಸಾಹೇಬ ಕರ್ದಿದ್ದ. ಮಾವನ ಹೆಸ್ರು ಅವನ ತನ್ಕ ಹೋಗ್ಯದೆ. ‘ಊರಿಗೆ ಹೋಗು, ಕಂದಾಯ ತುಂಬ್ಸು, ಮಾಡದ್ದು ತಪ್ಪಾಯ್ತು ಅಂತ ಬರ್ಸ್ಕಂಡು ಬಾ. ಇಲ್ದಿದ್ರೆ ಕೊಲಂಬೊಕ್ಕೆ ಹೋಗೂ ತಂಡದಲ್ಲೂ ನೀ ಇಲ್ಲ, ನೌಕರಿಯಲ್ಲೂ ಇಲ್ಲ,’ ಅಂದ.”

“ಅದ್ನ ಹೇಳೂಕೇ ಬಂದಿದ್ರಾ?”

“ಹೌದು. ಹಡಗು ಹತ್ತೂವಾಗ ಹೇಳ್ಬೇಕು ಅಂತ್ಲೇ ಇತ್ತು. ಕೊಲಂಬೊ ಅಂದ್ರೆ ನಂಗೆ ದೊಡ್ಡ ಆಸೆಯೇ ಇತ್ತು. ಮಾವನ್ನ ಕಂಡ್ಮೇಲೆ ಬಾಯಿ ಬರ್ಲಿಲ್ಲ.”

“ಸಾಹೇಬ ಹೀಂಗೆ ಅಂದ ಅಂತಾದ್ರೂ ಅಪ್ಪಂಗೆ ಹೇಳ್ಬೋದಿತ್ತು.”

“ಹೇಳ್ದ್ರೆ ನನ್ ಭಾರಾನೂ ಅವರೇ ಹೊರ್ಬೇಕಾತದೆ. ಈಗ ಹೊತ್ತದ್ದೇ ಸಾಕು. ನೀನೂ ಹೇಳ್ಬೇಡ.”

ನಾನು ಮಾತು ಕೊಟ್ಟೆ. ಏಳು ವರ್ಷ ಅದನ್ನು ಉಳಿಸಿಕೊಂಡೆ. ಗಂಡನ ಮನೆಯ ಗುಟ್ಟನ್ನು ಏಳು ವರ್ಷ ತವರಿನಲ್ಲಿ ಮುಚ್ಚಿಡುವುದು ಹೆಣ್ಣಿಗೆ ಎಷ್ಟು ಕಷ್ಟವೆಂದು ಗಂಡಸರಿಗೆ ಗೊತ್ತಾಗದು. ಊರಿನಲ್ಲಿ ಜನ, ಆಟ ಬಿದ್ದುಹೋಗಿದ್ದಕ್ಕೆ ಇಲಾಖೆಯವರು ಹೊರಗೆ ಹಾಕಿದರು ಎಂದು ಆಡಿಕೊಂಡರು. ಅಪ್ಪನೂ ಅದನ್ನೇ ನಂಬಿದ. “ಆಟದ ಅನ್ನ, ನಂಬೂಕಾಗೂದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು,” ಎಂದು ಒಮ್ಮೆ ನನ್ನೆದುರೇ ಅಂದ. ನಾನು ಒಳಗೆ ಹೋಗಿ ಒಲೆ ಊದಿದೆ.

ಇವರ ದೊಡ್ಡ ತಿರುಗಾಟ ಶುರುವಾದದ್ದು ಆಮೇಲೆ. ಮೊದಲು ಕರಾಚಿ. ಅಲ್ಲಿಯ ಬಂದರಿನ ಕೂಲಿಗಳ ತಂಡವೊಂದಕ್ಕೆ ಒಂದು ಋತು ಆಡಿದರು. ಅಲ್ಲಿಂದ ಕಲಕತ್ತೆ. ಕಲಕತ್ತೆಯಲ್ಲಿ ಚೆಂಡಾಟಕ್ಕೆ ಊರಿಗೆ ಊರೇ ನೆರೆಯುತ್ತದೆ, ಮರದ ಮೇಲೂ ಜನ ಕೂತಿರುತ್ತಾರೆ ಎಂದು ಬರೆದರು. ಅವರ ಕಾಗದ ಮೂರು ಸಾಲು ಮೀರುತ್ತಿರಲಿಲ್ಲ: ಕ್ಷೇಮ, ಗೆದ್ದೆವು ಅಥವಾ ಸೋತೆವು, ನೀರಿಗೆ ಇಲ್ಲಿ ಹೀಗೆನ್ನುತ್ತಾರೆ. ಜೊಲ್ ಎಂದು ಬಂದರೆ ಕಲಕತ್ತೆ, ಯೇ ಎಂದು ಬಂದರೆ ರಂಗೂನು. ರಂಗೂನಿನಲ್ಲಿ ಎರಡು ವರ್ಷ ಇದ್ದರು. ಅಲ್ಲಿಂದ ಒಂದು ತಂಡದ ಜೊತೆ ಹಡಗಿನಲ್ಲಿ ಹೋಗಿ, ಬಿಟ್ಟುಕೊಟ್ಟಿದ್ದ ಕೊಲಂಬೊವನ್ನು ತಮ್ಮದೇ ಕಾಲಿನಿಂದ ಕಂಡುಬಂದರು. ಆ ಸಲದ ಕಾಗದದಲ್ಲಿ ಎರಡೇ ಸಾಲಿತ್ತು: ‘ಗೆದ್ದೆವು. ವತುರ.’ ಅದನ್ನು ಓದಿ ನಾನು ಒಬ್ಬಳೇ ಹಿತ್ತಿಲಲ್ಲಿ ನಿಂತು ಕಣ್ಣೊರೆಸಿಕೊಂಡೆ. ನಾಲ್ಕನೇ ಇಯತ್ತೆ ಓದಿದ್ದು ಸಾರ್ಥಕವಾಯಿತು ಅನಿಸಿತು.

ಪ್ರತಿ ಊರಿನಲ್ಲೂ ನಿನ್ನ ಊರು ಯಾವುದು ಎಂದು ಕೇಳುತ್ತಿದ್ದರಂತೆ. ಮುಂಬಯಿ ಎಂದುಬಿಟ್ಟಿದ್ದರೆ ಸುಲಭವಿತ್ತು. ಇವರು ಅಮದಳ್ಳಿ ಎನ್ನುವರು. ಅದು ಎಲ್ಲಿದೆ ಎಂದರೆ ಕಾರವಾರದ ಹತ್ತಿರ. ಕಾರವಾರ ಎಲ್ಲಿದೆ ಎಂದರೆ ಗೋವೆಯ ಕೆಳಗೆ. ಹೀಗೆ ಕಾಲಿನ ಬೆರಳಿನಿಂದ ಮಣ್ಣಿನಲ್ಲಿ ನಕ್ಷೆ ಬರೆದೇ ತೋರಿಸುವರು.

ಮುಂದೆ ಹೊಸ ಮಂತ್ರಿಮಂಡಲ ಬಂದು ಜಪ್ತಿಯಾದ ಭೂಮಿಗಳು ರೈತರಿಗೆ ಮರಳಿದವು. ಮೊದಲ ಬೆಳೆ ಕೊಯ್ದ ಮೇಲೆ ಅಪ್ಪ ಹೊಸ ಅಕ್ಕಿಯ ಮುಡಿ ಹೊತ್ತು ಅಮದಳ್ಳಿಗೆ ಬಂದ. ಇವರೂ ಆಗ ಊರಲ್ಲಿದ್ದರು. ಅದೇ ವಾರ ಮುಂಬಯಿಯ ಆ ಇಲಾಖೆಯ ತಂಡ ಮಂಗಳೂರಿಗೆ ಹೋಗುವ ದಾರಿಯಲ್ಲಿ ಕಾರವಾರದಲ್ಲಿ ಎರಡು ದಿನ ನಿಂತಿತು. ಆ ಸಾಹೇಬ ಅಷ್ಟರಲ್ಲಿ ತನ್ನ ದೇಶ ಸೇರಿದ್ದ. ಕಾರವಾರದ ಹುಡುಗರು ಅವರೊಡನೆ ಒಂದು ಪಂದ್ಯ ಕಟ್ಟಿ, ಇವರನ್ನು ನಾಯಕರಾಗಿರಿ ಎಂದು ಬೇಡಿಕೊಂಡರು. ಪಂದ್ಯದ ಹಿಂದಿನ ದಿನ ಆ ತಂಡದಲ್ಲಿ ಗೋಲು ಕಾಯುವ ಗೋಲಿ, ಗೋವೆಯ ಒಬ್ಬ ಕ್ರಿಸ್ತುವ, ಹಳೆಯ ಗೆಳೆತನ ನೆನೆದು ನಮ್ಮಲ್ಲಿಗೆ ಊಟಕ್ಕೆ ಬಂದ. ಹೊಸ ಅಕ್ಕಿಯ ಅನ್ನ, ಇಸ್ವಾಣ ಮೀನಿನ ಸಾರು. ಉಣ್ಣುತ್ತ ಆತ ಅಪ್ಪನ ಕಡೆ ತಿರುಗಿ, ಹೊಲ ಬಿಟ್ಟ ಮಾವ ಇವರೇ ಏನು ಎಂದು ಕೇಳಿದ. ಆತ ಯಾಕೆ ಹಾಗೆ ಕೇಳಿದನೆಂದು ಅಪ್ಪನಿಗೆ ಅರ್ಥವಾಗಲಿಲ್ಲ.

“ತುಮ್ಕಾಂ ಹಾಣೆಂ ಸಾಂಗ್ಲೆಂ ನಾ?” ಇವನು ನಿಮಗೆ ಹೇಳಲೇ ಇಲ್ಲವೇ ಎಂದು ಗೋಲಿ ಬೆರಗಾದ. ಇವರು ಕಣ್ಣಲ್ಲೇ ತಡೆದರೂ ಆತ ನಿಲ್ಲಿಸಲಿಲ್ಲ. ಸಾಹೇಬನ ಮಾತು, ಕೊಲಂಬೊ, ನೌಕರಿ, ಎಲ್ಲವನ್ನೂ ಹೇಳಿಬಿಟ್ಟ. ಅಪ್ಪನಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು. ಅವನ ಕೈ ಎಲೆಯ ಮೇಲೆಯೇ ನಿಂತಿತು. ನನ್ನ ಕಡೆ ನೋಡಿದ. “ನಿಂಗೆ ಗೊತ್ತಿತ್ತಾ?” ನಾನು ತಲೆ ತಗ್ಗಿಸಿದೆ. ಅಪ್ಪ ಎಲೆ ಮಡಚಿ ಎದ್ದ.

ಮರುದಿನ ಬೆಳಿಗ್ಗೆ ಅವನೇ ನನ್ನನ್ನು ಕರೆದ. “ಹೊರಡು, ಆಟ ನೋಡ್ಕಂಡ್ ಬರ್ವ.” ಅಷ್ಟು ವರ್ಷಗಳಲ್ಲಿ ನನ್ನ ಗಂಡ ಆಡುವುದನ್ನು ನಾನು ಕಂಡಿರಲಿಲ್ಲ. ನಮ್ಮ ಮನೆಗಳ ಹೆಂಗಸರು ಅಂಥಲ್ಲಿಗೆ ಹೋಗುವ ರೂಢಿಯೇ ಇರಲಿಲ್ಲ. ಗಾಳಿಮರಗಳ ನೆರಳಿನಲ್ಲಿ, ಮೀನು ಮಾರಿ ಮುಗಿಸಿ ಬುಟ್ಟಿ ಬೋರಲು ಹಾಕಿ ಕೂತ ಹೆಂಗಸರ ನಡುವೆ ನಾನೂ ಕೂತೆ.

ಆಟದ ಕಾಯಿದೆ ನನಗೆ ಒಂದೂ ತಿಳಿಯದು. ಆದರೆ ಮನೆಯಲ್ಲಿ ಮೆಲ್ಲಗೆ ಮಾತಾಡುವ, ಬಗ್ಗಿ ತೆಂಗಿನಕಾಯಿ ಎತ್ತಿಡುವ ಆ ಮನುಷ್ಯ ಅಲ್ಲಿರಲಿಲ್ಲ. ಬಲ ಅಂಚಿನಲ್ಲಿ ಚೆಂಡು ಹಿಡಿದು ಹೊರಟರೆ ಎದುರಿನ ಇಬ್ಬರು ಅತ್ತ ವಾಲುತ್ತಿದ್ದರು, ಇವರು ಇತ್ತ ದಾಟಿರುತ್ತಿದ್ದರು. ಓಡುತ್ತ ಓಡುತ್ತ ನಗುತ್ತಿದ್ದರು. ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು. ವಯಸ್ಸು ಮೂವತ್ತು ದಾಟಿತ್ತು, ಉಳಿದವರು ಎಳೆಯ ಹುಡುಗರು. ಕಾರವಾರದವರು ಮೂರಕ್ಕೆ ಒಂದು ಗೋಲಿನಿಂದ ಸೋತರು. ಆ ಒಂದು ಗೋಲು ಹೊಡೆದವನು ಒಬ್ಬ ಖಾರ್ವಿ ಹುಡುಗ, ಮೀನುಗಾರರವನು. ಅವನ ಕಾಲಿಗೆ ಚೆಂಡನ್ನು ತಂದಿಟ್ಟವರು ಇವರು. ಗೋಲು ಬಿಟ್ಟುಕೊಟ್ಟ ಗೋವೆಯ ಗೆಳೆಯನೇ ಮೊದಲು ಚಪ್ಪಾಳೆ ತಟ್ಟಿದ. “ಅಂವ ಯಾರೇ, ಆ ಕಡೆ ಓಡಂವ?” ಎಂದು ಪಕ್ಕದ ಮೀನುಗಾರ್ತಿ ಕೇಳಿದಳು. “ನಮ್ಮವರು,” ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಪಂದ್ಯ ಮುಗಿದ ಮೇಲೆ ಇವರು ಅಂಚಿನಲ್ಲಿ ಕೂತು ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದರು. ಅಪ್ಪ ಎಲ್ಲಿಂದಲೋ ಒಂದು ಕೊಡ ಸಿಹಿನೀರು ತಂದ. ಮರಳಿನ ಮೇಲೆ ಮಂಡಿಯೂರಿ, ಅಳಿಯನ ಪಾದದ ಮೇಲೆ ನೀರು ಸುರಿದು ಕೈಯಿಂದ ತೊಳೆಯತೊಡಗಿದ.

ಇವರು ಕಾಲು ಹಿಂದಕ್ಕೆ ಎಳೆದುಕೊಂಡರು. “ಮಾವಾ, ಜನ ನೋಡ್ತ್ರು.”

“ನೋಡ್ಲಿ. ಧಾರೆಯ ದಿನ ಶಾಸ್ತ್ರ ಅಂತ ತೊಳ್ದಿದ್ದೆ. ಇವತ್ತು ತಿಳ್ದು ತೊಳೀತೆ. ಕಾಲು ಕೊಡು.”

ಕೊಟ್ಟರು. ಇಬ್ಬರೂ ಮುಖ ಎತ್ತಲಿಲ್ಲ.

ಮತ್ತೆರಡು ಋತು ಆಡಿ, ಯುದ್ಧ ಬಂದು ಹಡಗುಗಳ ದಾರಿ ಕೆಟ್ಟ ಮೇಲೆ, ಅವರು ಅಮದಳ್ಳಿಯಲ್ಲೇ ನಿಂತರು. ಬೆಳಿಗ್ಗೆ ಗದ್ದೆ, ಸಂಜೆ ದಂಡೆಯ ಮೇಲೆ ಹುಡುಗರಿಗೆ ಆಟ. ಯಾರ ಮನೆಯವನು ಎಂದು ಒಬ್ಬನನ್ನೂ ಕೇಳಲಿಲ್ಲ. ಸ್ವಾತಂತ್ರ್ಯ ಬಂದ ನಾಲ್ಕಾರು ವರ್ಷಕ್ಕೆ, ಒಂದು ಚಳಿಗಾಲದ ಬೆಳಿಗ್ಗೆ, ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಅವರು ಆಟ ಕಲಿಸಿದ ಹುಡುಗರು, ಹನ್ನೊಂದು ಮಂದಿ, ಬಂದರು: ಖಾರ್ವಿಗಳು, ಕ್ರಿಸ್ತುವರು, ಮುಸಲ್ಮಾನರು, ನಮ್ಮ ಜಾತಿಯವರು. ಚಟ್ಟಕ್ಕೆ ಹೆಗಲು ಕೊಡಲು ಮುಂದಾದಾಗ ಊರ ಹಿರಿಯರು ತಡೆದರು. ಜಾತಿಯವರೇ ಹೊರಬೇಕು, ಅದೇ ಪದ್ಧತಿ ಎಂದರು.

ನಾನು ಒಳಗಿನಿಂದ ಎದ್ದು ಅಂಗಳಕ್ಕೆ ಬಂದೆ. “ಅವ್ರ ಸಂಗಡ ಆಡ್ದವ್ರೇ ಹೊರ್ಲಿ,” ಎಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ದಾರಿ ಬಿಟ್ಟರು.

ಹನ್ನೊಂದು ಮಂದಿಯೂ ಹೊತ್ತರು. ನಾಲ್ವರು ನಾಲ್ವರಂತೆ, ಮಾತಿಲ್ಲದೆ, ನಡೆಯುತ್ತಲೇ ಹೆಗಲು ಬದಲಿಸುತ್ತ ಸಮುದ್ರದ ಕಡೆ ಹೋದರು. ಬೇಲಿಯ ದಣಪೆಯ ಬಳಿ ನಿಂತು ಕಣ್ಣಿಗೆ ಮರೆಯಾಗುವ ತನಕ ನೋಡಿದೆ. ಒಂದು ಸಲವೂ ಚಟ್ಟ ಕುಲುಕಲಿಲ್ಲ.